ಕೊಯ್ದ ಮೀನಿಗೆ ಹೆಸರಿಟ್ಟವರು ಯಾರು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನಮಗೆ ಸಮುದ್ರ ಕಾಣುವುದಿಲ್ಲ. ಆದರೂ ಅದರ ಮೀನು ಬಾಗಿಲಿಗೆ ಬರುತ್ತದೆ. ಹೊನ್ನಾವರದಿಂದ ಜೋಗದ ಮೇಲೆ ಸಾಗರಕ್ಕೆ, ಗಂಗೊಳ್ಳಿ ಕುಂದಾಪುರದಿಂದ ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ, ಮಲ್ಪೆಯಿಂದ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಮೀನಿನ ಗಾಡಿಗಳು ಬರುತ್ತವೆ. ಹೆಗ್ಗೋಡಿನ ಸುತ್ತಮುತ್ತಲ ಹಳ್ಳಿಗಳಲ್ಲೂ ಹಾರನ್ ಕೇಳಿದ ಕೂಡಲೇ ಪಾತ್ರೆ ಹಿಡಿದು ರಸ್ತೆಗೆ ಬರುವ ಮನೆಗಳಿವೆ. ಗಾಡಿಯ ಹತ್ತಿರ ನಿಂತ ನಮ್ಮ ಅಕ್ಕತಂಗಿಯರಿಗೆ ಮೋಸ ಮಾಡುವುದು ಅಷ್ಟು ಸುಲಭದ ಕೆಲಸವಲ್ಲ. ಕಿವಿರು ಎತ್ತಿ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಬೆರಳಿನಿಂದ ಒತ್ತುತ್ತಾರೆ. "ಇದು ನಿನ್ನೆದು ಮಾರಾಯಾ, ಇವತ್ತಿಂದು ಕೊಡು" ಅಂತ ಮುಖಕ್ಕೇ ಹೇಳುತ್ತಾರೆ.

ಅದೇ ಅಕ್ಕ ಪೇಟೆಗೆ ಹೋದಾಗ ಹೋಟೆಲಿನಲ್ಲಿ ಕುಳಿತು ಅಂಜಲ್ ಫ್ರೈ ಹೇಳಿದರು ಅಂತಿಟ್ಟುಕೊಳ್ಳಿ. ತಟ್ಟೆಗೆ ಬರುವುದು ಕೆಂಪು ಮಸಾಲೆ ಮೆತ್ತಿದ ಒಂದು ತುಂಡು. ಅದಕ್ಕೆ ತಲೆಯಿಲ್ಲ, ಬಾಲವಿಲ್ಲ, ಕಿವಿರಿಲ್ಲ, ಕೆಲವು ಸಲ ತೊಗಲೂ ಇಲ್ಲ. ಇಷ್ಟು ವರ್ಷ ಮೀನು ನೋಡಿದ ಅನುಭವ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮೆನು ಕಾರ್ಡಿನಲ್ಲಿ ಏನು ಬರೆದಿದೆಯೋ ಅದೇ ಆ ಮೀನಿನ ಹೆಸರು. ಈ ಸಲ ನಾವು ಬರೆಯಲು ಹೊರಟಿದ್ದು ಈ ಹೆಸರಿನ ಬಗ್ಗೆ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಒಂದು ಮೀನಿಗೆ ಹತ್ತು ಹೆಸರು ಇದ್ದ ಮಾತ್ರಕ್ಕೆ ಅದು ಮೋಸವಲ್ಲ. ಅಂಜಲ್ ಎಂದು ಮಂಗಳೂರು ಕಡೆ ಕರೆಯುವುದನ್ನೇ ಕಾರವಾರ ಕಡೆ ಇಸ್ವಾಣ ಎನ್ನುತ್ತಾರೆ, ಮುಂಬಯಿಯವರು ಸುರಮಯಿ ಎನ್ನುತ್ತಾರೆ, ಮದರಾಸಿನವರು ವಂಜರಂ ಎನ್ನುತ್ತಾರೆ. ಬೂತಾಯಿ, ಬೈಗೆ, ತಾರ್ಲೆ ಮೂರೂ ಒಂದೇ. ಕಪ್ಪು ಮಾಂಜಿ ವಿಜ್ಞಾನದ ಲೆಕ್ಕದಲ್ಲಿ ಬಿಳಿ ಮಾಂಜಿಯ ಕುಟುಂಬಕ್ಕೆ ಸೇರಿದ್ದೇ ಅಲ್ಲ. ಆದರೂ ಕರಾವಳಿಯವರು ತಲೆತಲಾಂತರದಿಂದ ಹಾಗೆ ಕರೆಯುತ್ತಾ ಬಂದಿದ್ದಾರೆ, ಕೊಳ್ಳುವವನಿಗೂ ಮಾರುವವನಿಗೂ ಅದು ಗೊತ್ತು. ಮಾರುವವನಿಗೆ ಮಾತ್ರ ನಿಜ ಗೊತ್ತಿದ್ದು, ಹೆಚ್ಚು ದುಡ್ಡಿನ ಆಸೆಗೆ ಕೊಳ್ಳುವವನಿಂದ ಅದನ್ನು ಮುಚ್ಚಿಟ್ಟಾಗ ಮೋಸ ಆಗುತ್ತದೆ.

ನಮ್ಮ ತಟ್ಟೆಗೆ ಬರುವ ಮೂರು ಬದಲಿ ಮೀನುಗಳು

ಬಾಸಾ ಈಗ ಎಲ್ಲರ ಬಾಯಲ್ಲಿರುವ ಹೆಸರು. ಇದು ವಿಯೆಟ್ನಾಂ ದೇಶದ ಮೆಕಾಂಗ್ ನದಿ ಕಡೆಯ ಸಿಹಿನೀರಿನ ಮೀನು. ತಮಾಷೆ ಏನೆಂದರೆ ಬಾಸಾ ಎಂಬ ಹೆಸರೇ ಪೂರ್ತಿ ನಿಜವಲ್ಲ. ನಿಜವಾದ ಬಾಸಾ ಬೇರೆ ಜಾತಿ, ಮಾರುಕಟ್ಟೆ ತುಂಬ ಇರುವುದು ಅದರ ದಾಯಾದಿ ಪಂಗಾಸಿಯಸ್. ಇದೇ ಪಂಗಾಸಿಯಸ್ ಅನ್ನು ಆಂಧ್ರದ ಕೊಳಗಳಲ್ಲೂ ಬಹಳವಾಗಿ ಸಾಕುತ್ತಾರೆ. ಮುಳ್ಳಿಲ್ಲ, ವಾಸನೆಯಿಲ್ಲ, ಬೆಳ್ಳಗಿರುತ್ತದೆ, ಅಗ್ಗವಾಗಿ ಸಿಗುತ್ತದೆ. ಯಾವ ಮಸಾಲೆ ಹಾಕಿದರೂ ಆ ಮಸಾಲೆಯದೇ ರುಚಿ. ಅಡುಗೆಯವನಿಗೆ ಇದಕ್ಕಿಂತ ಅನುಕೂಲದ ಮೀನು ಇನ್ನೊಂದಿಲ್ಲ. ತಿನ್ನಲು ಇದರಿಂದ ತೊಂದರೆ ಏನೂ ಇಲ್ಲ, ಸರಿಯಾಗಿ ಸಾಕಿದ್ದಾದರೆ ಒಳ್ಳೆಯ ಆಹಾರವೇ. ಸಮುದ್ರದ ದುಬಾರಿ ಮೀನಿನ ಹೆಸರು ಹೇಳಿ, ಆ ಮೀನಿನ ದರ ಹಾಕಿ ಇದನ್ನು ಕೊಡುವುದೇ ತಪ್ಪು. ಮೆನುವಿನಲ್ಲಿ ಬರೇ 'ಫಿಶ್ ಫಿಂಗರ್', 'ಫಿಶ್ ಟಿಕ್ಕಾ' ಎಂದಿದ್ದರೆ ಹೆಚ್ಚಿನ ಕಡೆ ಅದು ಬಾಸಾ ಎಂದೇ ತಿಳಿಯಬಹುದು.

ಎರಡನೆಯದು ರೂಪ್‌ಚಂದ್. ಬಯಲುಸೀಮೆ, ಮಲೆನಾಡಿನ ಪೇಟೆಗಳಲ್ಲಿ 'ಪಾಂಫ್ರೆಟ್' ಎಂದು ಇದನ್ನು ಮಾರುವುದುಂಟು. ಅಂಗಡಿಯಲ್ಲಿ ಕೆಲವರು ಪ್ರಾಮಾಣಿಕವಾಗಿ 'ಕೆರೆ ಪಾಂಫ್ರೆಟ್' ಅನ್ನುತ್ತಾರೆ, ಹೋಟೆಲಿಗೆ ಬರುವಷ್ಟರಲ್ಲಿ 'ಕೆರೆ' ಉದುರಿ ಹೋಗಿರುತ್ತದೆ. ಇದು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಪಾಕು ಎಂಬ ಮೀನು. ಬಾಂಗ್ಲಾದೇಶದ ದಾರಿಯಾಗಿ 2003-04ರ ಹೊತ್ತಿಗೆ ನಮ್ಮ ದೇಶಕ್ಕೆ ಬಂತು. ಆಕಾರ ದುಂಡಗೆ ಚಪ್ಪಟೆ, ಹಾಗಾಗಿ ಇಡಿಯಾಗಿ ಕರಿದು ತಟ್ಟೆಯಲ್ಲಿಟ್ಟರೂ ಮಾಂಜಿಯಂತೆಯೇ ಕಾಣುತ್ತದೆ. ಗುರುತು ಹಿಡಿಯಲು ಬಾಯಿ ಬಿಡಿಸಿ ನೋಡಿ. ಪಾಕುವಿಗೆ ಮನುಷ್ಯರ ಹಲ್ಲಿನಂತೆ ಚೌಕವಾದ ಗಟ್ಟಿ ಹಲ್ಲುಗಳಿರುತ್ತವೆ! ಒಮ್ಮೆ ನೋಡಿದವರು ಮರೆಯುವುದಿಲ್ಲ. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಒಂದು ಸಣ್ಣ ಮಾಂಸದ ರೆಕ್ಕೆ ಇರುತ್ತದೆ, ಮಾಂಜಿಗೆ ಅದು ಇಲ್ಲ. ಮಾಂಜಿಯ ಬಾಲ ಕತ್ತರಿಯಂತೆ ಉದ್ದಕ್ಕೆ ಸೀಳಿರುತ್ತದೆ.

ಮೂರನೆಯದು ನಮಗೆ ಹೆಚ್ಚು ಹತ್ತಿರದ ವಿಷಯ. ಮಳೆ ಹಿಡಿದ ಹೊಸದರಲ್ಲಿ ಗದ್ದೆ, ಹಳ್ಳಗಳಿಗೆ ಹತ್ತಿ ಬರುವ ಮುರುಗೋಡು ಮೀನು ಮಲೆನಾಡಿನವರಿಗೆ ಬಹಳ ಇಷ್ಟ. ಆ ಹೆಸರಿನಲ್ಲಿ ಮಾರಾಟವಾಗುವುದು ಎಷ್ಟೋ ಸಲ ಆಫ್ರಿಕಾದ ಕ್ಯಾಟ್‌ಫಿಶ್. ಮೀಸೆ ಎರಡಕ್ಕೂ ಇದೆ, ಎರಡೂ ನೀರಿನಿಂದ ತೆಗೆದ ಮೇಲೆ ತಾಸುಗಟ್ಟಲೆ ಬದುಕಿರುತ್ತವೆ. ನಮ್ಮ ಮುರುಗೋಡು ಅಂಗೈಗಿಂತ ಸ್ವಲ್ಪ ಉದ್ದ ಬೆಳೆದರೆ ದೊಡ್ಡದು. ಆಫ್ರಿಕನ್ ಒಂದೇ ವರ್ಷದಲ್ಲಿ ಕಿಲೋ ದಾಟುತ್ತದೆ. ಕೇಂದ್ರ ಸರ್ಕಾರ 2000ನೇ ಇಸವಿಯಲ್ಲೇ ಇದರ ಸಾಕಣೆಯನ್ನು ನಿಷೇಧಿಸಿದೆ. ಆದರೂ ಕದ್ದುಮುಚ್ಚಿ ಸಾಕುವವರಿದ್ದಾರೆ, ಕೋಳಿ ಅಂಗಡಿಯ ಕಸವನ್ನೇ ಹಾಕಿ ಬೆಳೆಸುವವರೂ ಇದ್ದಾರೆ. ಕೊಳದಿಂದ ತಪ್ಪಿಸಿಕೊಂಡು ಹೊಳೆ ಸೇರಿದರೆ ಸಿಕ್ಕಿದ ಮೀನನ್ನೆಲ್ಲ ತಿನ್ನುತ್ತದೆ.

ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಶರಾವತಿ ಕಣಿವೆಯಲ್ಲಿ ಬೇರೆಲ್ಲೂ ಕಾಣದ ಮೀನುಗಳಿವೆ. 2004ರಲ್ಲಿ ವಿಜ್ಞಾನಿಗಳು ಒಂದು ಹೊಸ ಮೀನಿಗೆ ಶರಾವತಿಯ ಹೆಸರನ್ನೇ ಇಟ್ಟರು. 2006ರಲ್ಲಿ ಇನ್ನೊಂದಕ್ಕೆ ನಮ್ಮ ನಾಗೋಡಿಯ ಹೆಸರಿಟ್ಟರು. ಬೆರಳುದ್ದದ ಮೀನುಗಳು ಅವು, ಯಾರೂ ಸಾರು ಮಾಡುವುದಿಲ್ಲ. ಆದರೆ ಸುಳ್ಳು ಹೆಸರಿನಲ್ಲಿ ಮಾರುಕಟ್ಟೆ ಸಿಕ್ಕಿದಷ್ಟೂ ಆಫ್ರಿಕನ್ ಮೀನು ಸಾಕುವವರು ಹೆಚ್ಚುತ್ತಾರೆ, ಅದು ನಮ್ಮ ಹೊಳೆಗೆ ಬರುವ ಅಪಾಯವೂ ಹೆಚ್ಚುತ್ತದೆ. 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ತೆಪ್ಪ, ಬಲೆ ಹಿಡಿದು ಬದುಕುವ ಕುಟುಂಬಗಳಿವೆ. ಅವರು ಇಡೀ ರಾತ್ರಿ ಕಾದು ಹಿಡಿದ ಮೀನಿಗೂ ಐಸ್ ಪೆಟ್ಟಿಗೆಯಲ್ಲಿ ಆಂಧ್ರದಿಂದ ಬಂದ ಸಾಕಿದ ಮೀನಿಗೂ 'ಹಿನ್ನೀರಿನ ತಾಜಾ ಮೀನು' ಎಂಬ ಒಂದೇ ಬೋರ್ಡು ಬಿದ್ದರೆ ಅವರ ಗತಿ ಏನು? ಹೆಗ್ಗೋಡಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಚರಕದ ಕೈಮಗ್ಗದ ಬಟ್ಟೆ ನೇಯುವ ಊರು ಇದು. ಪವರ್‌ಲೂಮ್ ಬಟ್ಟೆಗೆ ಕೈಮಗ್ಗದ ಚೀಟಿ ಅಂಟಿಸಿದರೆ ಹೊಟ್ಟೆಯ ಮೇಲೆ ಹೊಡೆತ ಬೀಳುವುದು ಯಾರಿಗೆ ಎಂದು ಇಲ್ಲಿಯ ಹೆಂಗಸರಿಗೆ ಚೆನ್ನಾಗಿ ಗೊತ್ತು.

ದೊಡ್ಡ ಊರುಗಳ ಕಥೆ

ನಮ್ಮ ಮಕ್ಕಳು ಈಗ ಬೆಂಗಳೂರಿನಲ್ಲಿ ಸುಶಿ ತಿನ್ನುತ್ತಾರೆ. ಸುಶಿ ಎಂದರೆ ಜಪಾನಿನ ತಿಂಡಿ, ಹುಳಿ ಬೆರೆಸಿದ ಅನ್ನದ ಜೊತೆ ಮೀನಿನ ತೆಳು ಚೂರು, ಹೆಚ್ಚಿನದು ಹಸಿಯದೇ. ಹೆಸರು ಬದಲಿಸುವ ಆಟ ಅಲ್ಲಿ ಇನ್ನೂ ಸಲೀಸು. 2008ರಲ್ಲಿ ನ್ಯೂಯಾರ್ಕಿನ ಇಬ್ಬರು ಹೈಸ್ಕೂಲು ಹುಡುಗಿಯರು ಹೋಟೆಲು, ಅಂಗಡಿಗಳಿಂದ ಸುಮಾರು 60 ಮೀನಿನ ಚೂರು ತಂದು ಪರೀಕ್ಷೆಗೆ ಕಳಿಸಿದರು. ಗುರುತು ಸಿಕ್ಕಿದ್ದರಲ್ಲಿ ಕಾಲು ಭಾಗಕ್ಕೆ ಹೆಸರು ತಪ್ಪಿತ್ತು. 'ಬಿಳಿ ಟ್ಯೂನಾ' ಎಂದು ದುಬಾರಿಗೆ ಕೊಟ್ಟ ಸುಶಿ ಯಾವುದಾಗಿತ್ತು ಗೊತ್ತೇ? ಮೊಜಾಂಬಿಕ್ ತಿಲಾಪಿಯಾ. ಅಂದರೆ 1952ರಲ್ಲಿ ನಮ್ಮ ದೇಶಕ್ಕೆ ತಂದು ಕೆರೆಗಳಿಗೆ ಬಿಟ್ಟ, ನಮ್ಮವರು ಜಿಲೇಬಿ ಮೀನು ಅನ್ನುವ, ಗಾಳ ಹಾಕಿದರೆ ಬೇಡ ಅಂದರೂ ಸಿಕ್ಕುವ ಅದೇ ಮೀನು!

ಆಮೇಲೆ ದೊಡ್ಡ ತಪಾಸಣೆಗಳೂ ನಡೆದವು. ಓಷಿಯಾನಾ ಎಂಬ ಸಂಸ್ಥೆ 2010ರಿಂದ 2012ರವರೆಗೆ ಅಮೆರಿಕದಲ್ಲಿ 1,215 ಮಾದರಿ ಸಂಗ್ರಹಿಸಿತು. ಮೂರರಲ್ಲಿ ಒಂದಕ್ಕೆ ಹೆಸರು ಸುಳ್ಳು. ಸುಶಿ ಅಂಗಡಿಗಳನ್ನು ಮಾತ್ರ ತೆಗೆದುಕೊಂಡರೆ ನಾಲ್ಕರಲ್ಲಿ ಮೂರು ಅಂಗಡಿ ಸಿಕ್ಕಿಬಿದ್ದವು. 2016ರಲ್ಲಿ ಅದೇ ಸಂಸ್ಥೆ 55 ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಐದರಲ್ಲಿ ಒಂದು ಮಾದರಿ ಸುಳ್ಳು. ಅಲ್ಲೂ ಹೆಚ್ಚಾಗಿ ಬದಲಿಗೆ ಬಂದದ್ದು ನಮ್ಮ ಪರಿಚಯದ ಪಂಗಾಸಿಯಸ್ ಜಾತಿಯೇ. ಭಾರತದ ಮಾರುಕಟ್ಟೆಗಳ ಬಗ್ಗೆ 2016ರಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ ಶೇಕಡಾ 22ರಷ್ಟು ಮಾದರಿಗಳ ಹೆಸರು ತಪ್ಪಾಗಿತ್ತು.

ತಲೆ ಬಾಲ ಇಲ್ಲದ ಚೂರಿನ ಜಾತಿ ಹೇಗೆ ತಿಳಿಯುತ್ತದೆ ಅಂತ ಕೇಳಬಹುದು. ಪ್ರತಿ ಜೀವಿಯ ಕಣದಲ್ಲೂ ಡಿಎನ್‌ಎ ಇರುತ್ತದೆ. ಅದರಲ್ಲಿ ಸುಮಾರು 650 ಅಕ್ಷರದಷ್ಟು ಉದ್ದದ ಒಂದು ತುಣುಕು ಒಂದೊಂದು ಜಾತಿಗೆ ಒಂದೊಂದು ರೀತಿ. ಸೋಪಿನ ಪೊಟ್ಟಣದ ಮೇಲಿನ ಬಾರ್‌ಕೋಡ್ ಇದ್ದ ಹಾಗೆ. 2003ರಲ್ಲಿ ಕೆನಡಾದ ವಿಜ್ಞಾನಿ ಪಾಲ್ ಹೆಬರ್ಟ್ ತಂಡದವರು ಈ ವಿಧಾನವನ್ನು ಮುಂದಿಟ್ಟರು. ಮೀನನ್ನು ಬೇಯಿಸಿದ್ದರೂ ಎಷ್ಟೋ ಸಲ ಈ ಗುರುತು ಉಳಿದಿರುತ್ತದೆ.

ಸುಶಿ ಅಂಗಡಿಯ 'ಏಡಿ' ಬಗ್ಗೆಯೂ ಒಂದು ಮಾತು. ಕೆಂಪು ಬಣ್ಣ ಬಳಿದ, ಕಡ್ಡಿಯಂಥ ಆ 'ಕ್ರ್ಯಾಬ್ ಸ್ಟಿಕ್' ಅನ್ನು ಮೀನಿನ ಮಾಂಸ ಅರೆದು, ತೊಳೆದು ಮಾಡಿದ ಸುರಿಮಿ ಎಂಬ ಹಿಟ್ಟಿನಿಂದ ತಯಾರಿಸುತ್ತಾರೆ. ಏಡಿಯ ಮಾಂಸ ಅದರಲ್ಲಿ ಇಲ್ಲ ಅಂದರೂ ಸರಿ. ಪಶ್ಚಿಮ ಕರಾವಳಿಯ ರಾಣಿ ಮೀನು, ದಕ್ಷಿಣ ಕನ್ನಡದವರ ಮದ್ಮಲ್, ಈ ಸುರಿಮಿಗೆ ಬಹಳವಾಗಿ ಹೋಗುತ್ತದೆ. ನಮ್ಮ ಕಡಲಿನ ಮೀನು ವೇಷ ಹಾಕಿಕೊಂಡು ವಾಪಸು ಬಂದು ಏಡಿಯ ದರ ಕೇಳುತ್ತದೆ.

ಏನಾದರೇನು, ಮೀನು ಮೀನೇ ಅಲ್ಲವೇ ಎನ್ನುವವರಿದ್ದಾರೆ. ಹಾಗಲ್ಲ. 2007ರಲ್ಲಿ ಅಮೆರಿಕದ ಷಿಕಾಗೊ ಕಡೆ 'ಮಾಂಕ್ ಫಿಶ್' ಎಂದು ತಂದು ಸಾರು ಮಾಡಿ ತಿಂದ ಇಬ್ಬರು ಕಾಯಿಲೆ ಬಿದ್ದರು. ಅದು ವಿಷದ ಪಫರ್ ಮೀನು ಆಗಿತ್ತು. 'ಬಿಳಿ ಟ್ಯೂನಾ' ಹೆಸರಿನಲ್ಲಿ ಅಮೆರಿಕದವರು ಹೆಚ್ಚಾಗಿ ತಿನ್ನುತ್ತಿದ್ದುದು ಎಸ್ಕೋಲಾರ್ ಎಂಬ ಮೀನು. ಅದರ ಕೊಬ್ಬು ನಮ್ಮ ಹೊಟ್ಟೆಯಲ್ಲಿ ಕರಗುವುದಿಲ್ಲ, ಭೇದಿ ಹಿಡಿಸುತ್ತದೆ. ಜಪಾನ್ ಅದನ್ನು 1977ರಲ್ಲೇ ನಿಷೇಧಿಸಿತು. ಕೆಲವರಿಗೆ ಒಂದು ಜಾತಿಯ ಮೀನು ಆಗುತ್ತದೆ, ಇನ್ನೊಂದು ತಿಂದರೆ ಮೈಯೆಲ್ಲ ದದ್ದು ಏಳುತ್ತದೆ. ಅಂಥವರಿಗೆ ಸರಿಯಾದ ಹೆಸರು ಔಷಧದ ಚೀಟಿಯಷ್ಟೇ ಮುಖ್ಯ.

ನಾವು ಮಾಡಬಹುದಾದದ್ದು

ಮೊದಲು ಕ್ಯಾಲೆಂಡರ್ ನೋಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯವರು ತರುವುದು ಅಷ್ಟಕ್ಕಷ್ಟೆ. ಆ ಎರಡು ತಿಂಗಳು 'ಇವತ್ತೇ ಮಲ್ಪೆಯಿಂದ ಬಂದ ಅಂಜಲ್' ಎಂದು ಯಾರಾದರೂ ಹೇಳಿದರೆ ಇನ್ನೊಮ್ಮೆ ಕೇಳಿ. ಬೇರೆ ರಾಜ್ಯದ್ದೋ ಐಸಿನದ್ದೋ ಇರಬಹುದು, ಹಾಗೆಂದು ಹೇಳಿ ಕೊಡಲಿ. ತಪಸ್ಸುಕಾಲದ ಶುಕ್ರವಾರಗಳಂತೆ ಮೀನಿಗೆ ಬೇಡಿಕೆ ಏರಿದ ದಿನಗಳಲ್ಲೂ ಅಷ್ಟೇ ಎಚ್ಚರ ಬೇಕು.

ಕೊಯ್ಯುವ ಮುಂಚೆ ಇಡೀ ಮೀನು ತೋರಿಸಿ ಅಂತ ಕೇಳಲು ನಾಚಿಕೆ ಬೇಡ. ಕರಾವಳಿಯ ಒಳ್ಳೆಯ ಹೋಟೆಲುಗಳಲ್ಲಿ ತಟ್ಟೆಯಲ್ಲಿಟ್ಟು ತಂದು ತೋರಿಸುವ ಪದ್ಧತಿ ಇದೆ. ಅದಾಗದಿದ್ದರೆ ಬಂಗುಡೆ, ಬೂತಾಯಿ, ಕಾಣೆ ಹೇಳಿ. ಇವು ತಲೆ ಸಮೇತ ತಟ್ಟೆಗೆ ಬರುವಂಥವು. ಅಗ್ಗದ ಬಂಗುಡೆಯಲ್ಲಿ ಮೋಸ ಕಡಿಮೆ, ಅದಕ್ಕಿಂತ ಅಗ್ಗದ್ದನ್ನು ತಂದು ಅದರ ವೇಷ ಹಾಕಿಸಿ ಯಾರಿಗೂ ಲಾಭವಿಲ್ಲ! ಅಂಜಲ್ ತುಂಡಾದರೆ ತೊಗಲು ಇರುವ ತುಂಡೇ ಕೊಡಿ ಎನ್ನಿ. ಅಂಜಲಿನ ತೊಗಲು ಬೆಳ್ಳಿ ಬಣ್ಣದ್ದು, ಕೋಬಿಯಾ ಮೀನಿನದು ಕಡು ಕಂದು.

ಬಿಲ್ಲಿನಲ್ಲಿ ಮೀನಿನ ಹೆಸರು ಬರೆಸಿಕೊಳ್ಳಿ. ಬರೇ 'ಫಿಶ್ ಫ್ರೈ' ಎಂದು ಬರೆದ ಬಿಲ್ಲು ಹಿಡಿದುಕೊಂಡು ಆಮೇಲೆ ಯಾರ ಹತ್ತಿರವೂ ಹೋಗುವಂತಿಲ್ಲ. 2022ರ ಜನವರಿಯಿಂದ ಬಿಲ್ಲಿನ ಮೇಲೆ 14 ಅಂಕೆಯ ಆಹಾರ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಇರಲೇಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಗಿರಾಕಿ ಕೇಳಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಆದರೆ ದಂಡ ಹಾಕಲು ಅವಕಾಶವಿದೆ. ಪೊಟ್ಟಣದ ಮೇಲೆ ಸುಳ್ಳು ಹೆಸರಿದ್ದರೆ 52ನೇ ಸೆಕ್ಷನ್, ಮೂರು ಲಕ್ಷ ರೂಪಾಯಿಯವರೆಗೆ ದಂಡ. ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು 40ನೇ ಸೆಕ್ಷನ್ನಿನಲ್ಲಿ ಸಾಮಾನ್ಯ ಗಿರಾಕಿಗೂ ಇದೆ. ಕಾನೂನು ಚೆನ್ನಾಗಿಯೇ ಇದೆ. ಒಂದು ಪ್ಲೇಟ್ ಮೀನಿಗಾಗಿ ಡಿಎನ್‌ಎ ಪರೀಕ್ಷೆ ಮಾಡಿಸಲು ಹೊರಡುವವರು ಎಷ್ಟು ಮಂದಿ ಎಂಬುದು ಬೇರೆ ಪ್ರಶ್ನೆ. ಹಾಗಾಗಿ ದೂರು ಒಬ್ಬರೇ ಕೊಡುವುದಕ್ಕಿಂತ ನಾಲ್ಕು ಮಂದಿ ಸೇರಿ, ಬಿಲ್ಲುಗಳನ್ನು ಇಟ್ಟುಕೊಂಡು, ಆಹಾರ ಸುರಕ್ಷತಾ ಅಧಿಕಾರಿಗೆ ಬರಹದಲ್ಲಿ ಕೊಡುವುದು ಒಳ್ಳೆಯದು. ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು.

ನಮ್ಮ ಓದುಗರಲ್ಲೇ ಮೆಸ್, ಖಾನಾವಳಿ, ಹೋಮ್‌ಸ್ಟೇ ನಡೆಸುವವರಿದ್ದಾರೆ, ಸ್ವಸಹಾಯ ಸಂಘದಿಂದ ಸಾಲ ಪಡೆದು ಮೀನೂಟದ ಅಂಗಡಿ ಹಾಕಿದವರೂ ಇದ್ದಾರೆ. ಅವರಲ್ಲಿ ನಮ್ಮ ಕೋರಿಕೆ ಇಷ್ಟೆ. ದೊಡ್ಡ ವ್ಯಾಪಾರಿ ಪೆಟ್ಟಿಗೆಯಲ್ಲಿ ಏನು ತುಂಬಿ ಕಳಿಸಿದ್ದಾನೆ ಎಂದು ಇಳಿಸುವಾಗಲೇ ನೋಡಿ, ಅವನಿಂದಲೂ ಹೆಸರು ಬರೆಸಿದ ಚೀಟಿ ಪಡೆಯಿರಿ. ಮೋಸ ಎಷ್ಟೋ ಸಲ ನಿಮ್ಮ ಅಡುಗೆಮನೆಗೆ ಬರುವ ಮೊದಲೇ ಆಗಿರುತ್ತದೆ, ಆದರೆ ಗಿರಾಕಿ ಕೇಳುವುದು ನಿಮ್ಮನ್ನೇ. ಬಾಸಾ ಇದ್ದರೆ ಬೋರ್ಡಿನಲ್ಲಿ ಸೀಮೆಸುಣ್ಣದಿಂದ 'ಬಾಸಾ ಫ್ರೈ' ಎಂದೇ ಬರೆದು ಅದಕ್ಕೆ ತಕ್ಕ ದರ ಹಾಕಿ. ಹಿನ್ನೀರಿನ ಮೀನು ಸಿಕ್ಕಿದ ದಿನ ಹಿನ್ನೀರಿನ ಮೀನು ಎಂದು ಬರೆಯಿರಿ, ಅವತ್ತು ಎರಡು ರೂಪಾಯಿ ಹೆಚ್ಚು ಕೇಳಿದರೂ ಜನ ಕೊಡುತ್ತಾರೆ.