ಕುವೈಟಿನಲ್ಲಿ ಹುಟ್ಟಿದ ಮಗು ಯಾವ ದೇಶದ ಪ್ರಜೆ? ಅಲ್ಲಿಯ ಜನಸಂಖ್ಯೆ ಮತ್ತು ಪೌರತ್ವ ಕಾನೂನಿನ ಒಂದು ಪರಿಚಯ

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಕುಟುಂಬಗಳ ಪಟ್ಟಿಯನ್ನು ತೆರೆದು ನೋಡಿದರೆ 'ಗಲ್ಫ್‌ನಲ್ಲಿದ್ದಾರೆ' ಎಂಬ ಷರಾ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಕುವೈಟಿನಲ್ಲಿ ದುಡಿಯುವವರೂ ಅನೇಕರು. ಇಪ್ಪತ್ತು, ಮೂವತ್ತು ವರ್ಷ ಅಲ್ಲಿಯೇ ಕಳೆದವರಿದ್ದಾರೆ. ಅವರ ಮಕ್ಕಳು ಅಲ್ಲಿಯೇ ಹುಟ್ಟಿ, ಅಲ್ಲಿಯ ಭಾರತೀಯ ಶಾಲೆಗಳಲ್ಲಿ ಕಲಿತು, ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬಂದು ಹೋಗುತ್ತಾರೆ. 'ಇಷ್ಟು ವರ್ಷ ಅಲ್ಲಿದ್ದಾರಲ್ಲ, ಇನ್ನು ಅವರು ಅಲ್ಲಿಯವರೇ' ಎಂದು ಊರಿನಲ್ಲಿ ಮಾತನಾಡಿಕೊಳ್ಳುವುದೂ ಉಂಟು.

ಈ ಮಾತು ಸರಿಯಲ್ಲ. ಕುವೈಟಿನಲ್ಲಿ ಎಷ್ಟು ವರ್ಷ ಇದ್ದರೂ, ಅಲ್ಲಿಯೇ ಹುಟ್ಟಿದರೂ, ಅಷ್ಟರಿಂದಲೇ ಯಾರೂ ಆ ದೇಶದ ಪ್ರಜೆಗಳಾಗುವುದಿಲ್ಲ. ಇದನ್ನು ಸರಿಯಾಗಿ ತಿಳಿಯದೆ ಹೋದರೆ ತೊಂದರೆಗೆ ಒಳಗಾಗುವುದು ನಮ್ಮವರೇ, ಅದರಲ್ಲೂ ಅಲ್ಲಿ ಹುಟ್ಟಿದ ಮಕ್ಕಳು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಪುಟ್ಟ ದೇಶ, ದೊಡ್ಡ ಬದಲಾವಣೆ

ಕುವೈಟಿನ ವಿಸ್ತೀರ್ಣ ಸುಮಾರು 17,800 ಚದರ ಕಿಲೋಮೀಟರ್. ನಮ್ಮ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳನ್ನು ಒಟ್ಟು ಸೇರಿಸಿದರೂ ಅದಕ್ಕಿಂತ ತುಸು ದೊಡ್ಡದಾಗುತ್ತದೆ. ಹಿಂದೆ ಅಲ್ಲಿಯ ಜನರ ಬದುಕು ಸಮುದ್ರವನ್ನೇ ನಂಬಿಕೊಂಡಿತ್ತು. ಮುತ್ತು ತೆಗೆಯುವುದು, ಹಾಯಿಹಡಗುಗಳಲ್ಲಿ ವ್ಯಾಪಾರ ಮಾಡುವುದು ಅವರ ಕಸುಬಾಗಿತ್ತು. ಅವರ ಮುತ್ತುಗಳು ಮುಂಬಯಿಯ ಪೇಟೆಗೆ ಬರುತ್ತಿದ್ದವು. ಹಡಗು ಕಟ್ಟಲು ಬೇಕಾದ ಸಾಗುವಾನಿ ಮರ ಮಲಬಾರ್ ಕರಾವಳಿಯಿಂದ ಹೋಗುತ್ತಿತ್ತು. 1961ರವರೆಗೂ ಅಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿ ಎಂದರೆ ಇಂದಿನ ಯುವಜನರಿಗೆ ಆಶ್ಚರ್ಯವಾಗಬಹುದು.

1938ರಲ್ಲಿ ಬುರ್ಗಾನ್ ಎಂಬಲ್ಲಿ ತೈಲ ಸಿಕ್ಕಿತು. ಎರಡನೇ ಮಹಾಯುದ್ಧ ಮುಗಿದ ಬಳಿಕ 1946ರಲ್ಲಿ ತೈಲದ ರಫ್ತು ಆರಂಭವಾಯಿತು. ರಸ್ತೆ, ಬಂದರು, ಆಸ್ಪತ್ರೆ, ಶಾಲೆ ಎಲ್ಲವನ್ನೂ ಒಮ್ಮೆಲೇ ಕಟ್ಟಬೇಕಾಗಿತ್ತು. ಕೆಲಸ ತಿಳಿದವರು ದೇಶದೊಳಗೆ ಸಾಲದೆ ಹೋದುದರಿಂದ ಹೊರಗಿನಿಂದ ಜನ ಬಂದರು. 1957ರ ಮೊದಲ ಜನಗಣತಿಯಲ್ಲಿ ಒಟ್ಟು ಜನಸಂಖ್ಯೆ ಸುಮಾರು 2 ಲಕ್ಷವಿತ್ತು. ಅವರಲ್ಲಿ ಕುವೈಟಿಗರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 1965ರ ಜನಗಣತಿಯ ಹೊತ್ತಿಗೆ ಹೊರಗಿನವರೇ ಹೆಚ್ಚಾಗಿದ್ದರು. ಸ್ವಂತ ದೇಶದಲ್ಲೇ ತಾವು ಅಲ್ಪಸಂಖ್ಯಾತರಾದೆವು ಎಂಬ ಅಳುಕು ಅಂದಿನಿಂದ ಇಂದಿನವರೆಗೂ ಅಲ್ಲಿಯ ಪೌರತ್ವ ನೀತಿಯ ಹಿಂದೆ ಇದೆ.

ಆರಂಭದ ದಶಕಗಳಲ್ಲಿ ಹೊರಗಿನವರಲ್ಲಿ ಅರಬ್ಬರೇ ಹೆಚ್ಚು. ಪ್ಯಾಲೆಸ್ಟೀನಿನವರೇ ಸುಮಾರು 4 ಲಕ್ಷದಷ್ಟಿದ್ದರು. 1990ರ ಆಗಸ್ಟ್ 2ರಂದು ಇರಾಕ್ ಕುವೈಟಿನ ಮೇಲೆ ದಾಳಿ ಮಾಡಿದಾಗ ಚಿತ್ರವೇ ಬದಲಾಯಿತು. ಆಗ ಸುಮಾರು 1.7 ಲಕ್ಷ ಭಾರತೀಯರನ್ನು ಸ್ವದೇಶಕ್ಕೆ ಕರೆತರಲಾಯಿತು. ಅವರಲ್ಲಿ ಬಹಳಷ್ಟು ಮಂದಿ ಜೋರ್ಡಾನಿನ ಅಮ್ಮಾನ್ ತಲುಪಿ ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಬಂದರು. ಉಟ್ಟ ಬಟ್ಟೆಯಲ್ಲೇ ಮರಳಿದ ಆ ದಿನಗಳನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. 1991ರಲ್ಲಿ ಕುವೈಟ್ ಬಿಡುಗಡೆಯಾದ ನಂತರ ಪ್ಯಾಲೆಸ್ಟೀನಿನವರಲ್ಲಿ ಹೆಚ್ಚಿನವರಿಗೆ ಅಲ್ಲಿ ಜಾಗವಿಲ್ಲದಂತಾಯಿತು. ಅನಂತರದ ವರ್ಷಗಳಲ್ಲಿ ಭಾರತ, ಈಜಿಪ್ಟ್, ಬಾಂಗ್ಲಾದೇಶ, ಫಿಲಿಪ್ಪೀನ್ಸ್ ಮುಂತಾದ ದೇಶಗಳವರ ಸಂಖ್ಯೆ ಹೆಚ್ಚಿತು.

ಈಗ ಕುವೈಟಿನ ಜನಸಂಖ್ಯೆ ಅರ್ಧ ಕೋಟಿಯ ಸಮೀಪದಲ್ಲಿದೆ. ಅವರಲ್ಲಿ ಕುವೈಟಿಗರು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹೊರಗಿನವರಲ್ಲಿ ಅತಿ ದೊಡ್ಡ ಸಮುದಾಯ ಭಾರತೀಯರದ್ದು. ಅವರ ಸಂಖ್ಯೆ ಸುಮಾರು 10 ಲಕ್ಷ, ಅಂದರೆ ಅಲ್ಲಿ ವಾಸಿಸುವ ಐವರಲ್ಲಿ ಒಬ್ಬರು ಭಾರತೀಯರು.

1920 ಎಂಬ ಗೆರೆ

ಕುವೈಟಿನ ಪೌರತ್ವ ಕಾನೂನು ಜಾರಿಗೆ ಬಂದದ್ದು 1959ರಲ್ಲಿ, ದೇಶ ಬ್ರಿಟಿಷರ ರಕ್ಷಣೆಯಿಂದ ಸ್ವತಂತ್ರವಾಗುವುದಕ್ಕೆ ಎರಡು ವರ್ಷ ಮೊದಲು. ಮೂಲ ಕುವೈಟಿಗರು ಯಾರು ಎಂಬ ಪ್ರಶ್ನೆಗೆ ಆ ಕಾನೂನು ಸ್ಪಷ್ಟ ಉತ್ತರ ಕೊಡುತ್ತದೆ. 1920ಕ್ಕಿಂತ ಮೊದಲೇ ಕುವೈಟಿನಲ್ಲಿ ನೆಲೆಸಿ, ಕಾನೂನು ಪ್ರಕಟವಾಗುವವರೆಗೂ ಅಲ್ಲಿಯೇ ವಾಸವಾಗಿದ್ದವರು ಮೂಲ ಪ್ರಜೆಗಳು.

1920ನ್ನೇ ಏಕೆ ಆರಿಸಿಕೊಂಡರು? ಆ ವರ್ಷ ಹೊರಗಿನ ದಾಳಿಯ ಭಯದಿಂದ ಕುವೈಟ್ ಪಟ್ಟಣದ ಜನರು ಸೇರಿ ಊರಿನ ಸುತ್ತ ಗೋಡೆ ಕಟ್ಟಿದರು. ಅದೇ ವರ್ಷ ಜಹ್ರಾ ಎಂಬಲ್ಲಿ ಯುದ್ಧವೂ ನಡೆಯಿತು. ಗೋಡೆ ಕಟ್ಟಿ ಊರನ್ನು ಕಾಪಾಡಿದವರ ಮನೆತನಗಳೇ ದೇಶದ ಮೂಲ ಮನೆತನಗಳು ಎಂಬ ಭಾವನೆ ಬೆಳೆಯಿತು. ಗೋಡೆಯನ್ನು 1957ರಲ್ಲಿ ಕೆಡವಲಾಯಿತು, ಅದರ ಹಳೆಯ ಬಾಗಿಲುಗಳು ಮಾತ್ರ ಇಂದಿಗೂ ಇವೆ. ಆದರೆ ಕಾನೂನಿನಲ್ಲಿ ಆ ಗೋಡೆ ಇನ್ನೂ ನಿಂತಿದೆ ಎನ್ನಬಹುದು.

ತಂದೆಯಿಂದ ಮಕ್ಕಳಿಗೆ

ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿಯ ಪೌರತ್ವ ಸಿಕ್ಕಿದ ಸುದ್ದಿಗಳನ್ನು ನಾವು ಕೇಳಿದ್ದೇವೆ. ಕುವೈಟಿನಲ್ಲಿ ಹಾಗಿಲ್ಲ. ಅಲ್ಲಿ ನೋಡುವುದು ಹುಟ್ಟಿದ ಸ್ಥಳವನ್ನಲ್ಲ, ತಂದೆಯನ್ನು. ತಂದೆ ಕುವೈಟಿಯಾಗಿದ್ದರೆ ಮಗು ಎಲ್ಲಿ ಹುಟ್ಟಿದರೂ ಕುವೈಟಿ. ಕುವೈಟಿ ಮಹಿಳೆ ವಿದೇಶೀಯನನ್ನು ಮದುವೆಯಾದರೆ ಅವರ ಮಗುವಿಗೆ ಸಾಮಾನ್ಯವಾಗಿ ತಾಯಿಯ ಪೌರತ್ವ ದೊರೆಯುವುದಿಲ್ಲ. ತಂದೆ ಯಾರೆಂದು ತಿಳಿಯದಿರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ ಇದೆ.

ಹೊರಗಿನವರಿಗೆ ದಾರಿ ಇದೆಯೇ?

ಕಾನೂನಿನ ಪುಸ್ತಕದಲ್ಲಿ ದಾರಿ ಇದೆ, ಆದರೆ ಅದು ಬಹಳ ಇಕ್ಕಟ್ಟಿನದು. ಅರಬ್ಬರು 15 ವರ್ಷ, ಇತರರು 20 ವರ್ಷ ಸತತವಾಗಿ ಅಲ್ಲಿ ವಾಸವಾಗಿರಬೇಕು, ಅರೇಬಿಕ್ ಭಾಷೆ ಬರಬೇಕು, ಸರಿಯಾದ ಸಂಪಾದನೆ ಮತ್ತು ಒಳ್ಳೆಯ ನಡತೆ ಇರಬೇಕು ಎಂಬ ಷರತ್ತುಗಳಿವೆ. 1982ರ ತಿದ್ದುಪಡಿ ಇನ್ನೊಂದು ಷರತ್ತನ್ನು ಸೇರಿಸಿತು: ಅರ್ಜಿದಾರರು ಹುಟ್ಟಿನಿಂದ ಮುಸ್ಲಿಮರಾಗಿರಬೇಕು, ಇಲ್ಲವೇ ಮತಾಂತರವಾಗಿ ಐದು ವರ್ಷ ಕಳೆದಿರಬೇಕು. ಈ ಎಲ್ಲ ಷರತ್ತುಗಳು ಪೂರೈಸಿದರೂ ಪೌರತ್ವ ಹಕ್ಕಾಗಿ ಸಿಗುವುದಿಲ್ಲ. ಕೊಡುವುದು, ಬಿಡುವುದು ಸರಕಾರದ ಇಚ್ಛೆ.

ಹಾಗೆಂದು ಕುವೈಟಿ ಪ್ರಜೆಗಳಲ್ಲಿ ಕ್ರೈಸ್ತರೇ ಇಲ್ಲ ಎಂದು ತಿಳಿಯಬಾರದು. ಹಿಂದೆ ತುರ್ಕಿ, ಇರಾಕ್ ಕಡೆಗಳಿಂದ ಬಂದು ನೆಲೆಸಿದ ಕೆಲವು ಕ್ರೈಸ್ತ ಮನೆತನಗಳು ಕುವೈಟಿ ಪೌರತ್ವ ಹೊಂದಿವೆ. ಅವರೆಲ್ಲ ಸೇರಿ ಕೆಲವೇ ನೂರು ಮಂದಿ.

ಯಾವ ದೇಶಕ್ಕೂ ಸೇರದವರು

1959ರ ಕಾನೂನು ಬಂದಾಗ ಕೆಲವರು ಹೆಸರು ನೋಂದಾಯಿಸಲಿಲ್ಲ. ಮರುಭೂಮಿಯಲ್ಲಿ ಅಲೆಯುತ್ತಿದ್ದವರಿಗೆ, ಓದು ಬರಹ ಇಲ್ಲದವರಿಗೆ ಅದರ ಮಹತ್ವ ತಿಳಿದಿರಲಿಲ್ಲ. ತಮ್ಮ ವಾಸಕ್ಕೆ ದಾಖಲೆ ತೋರಿಸಲಾಗದವರೂ ಇದ್ದರು. ಅವರನ್ನೂ ಅವರ ಸಂತತಿಯವರನ್ನೂ 'ಬಿದೂನ್' ಎಂದು ಕರೆಯುತ್ತಾರೆ. ಅರೇಬಿಕ್ ಭಾಷೆಯಲ್ಲಿ ಬಿದೂನ್ ಎಂದರೆ 'ಇಲ್ಲದ', ಅಂದರೆ ಪೌರತ್ವ ಇಲ್ಲದವರು. ಅವರ ಸಂಖ್ಯೆ ಸುಮಾರು 1 ಲಕ್ಷ ಎಂದು ಅಂದಾಜು. ಸರಕಾರ ಅವರನ್ನು ಅಕ್ರಮ ನಿವಾಸಿಗಳೆಂದು ಪರಿಗಣಿಸುತ್ತದೆ. ಶಾಲೆ, ಉದ್ಯೋಗ, ಮದುವೆ ನೋಂದಣಿ ಎಲ್ಲದರಲ್ಲೂ ಅವರಿಗೆ ಅಡಚಣೆ. ಅಂದು ಬರೆಯದೆ ಬಿಟ್ಟ ಒಂದು ಹೆಸರಿಗಾಗಿ ಮೂರು ತಲೆಮಾರು ಕಷ್ಟಪಡುತ್ತಿದೆ.

ಪೌರತ್ವ ಸಿಕ್ಕಿದವರಿಗೂ ಅದು ಶಾಶ್ವತವಲ್ಲ ಎಂಬುದು ಇತ್ತೀಚೆಗೆ ಸ್ಪಷ್ಟವಾಯಿತು. 2024ರ ಮಾರ್ಚ್‌ನಿಂದ ಸರಕಾರ ಹಳೆಯ ಕಡತಗಳನ್ನು ತೆರೆದು ಪರಿಶೀಲಿಸಿ, ಹತ್ತಾರು ಸಾವಿರ ಜನರ ಪೌರತ್ವವನ್ನು ರದ್ದು ಮಾಡಿತು. ಸುಳ್ಳು ದಾಖಲೆ ಕೊಟ್ಟವರು, ಎರಡು ದೇಶದ ಪೌರತ್ವ ಇಟ್ಟುಕೊಂಡವರು ಮಾತ್ರವಲ್ಲ, ಕುವೈಟಿ ಗಂಡಸರನ್ನು ಮದುವೆಯಾಗಿ ಪೌರತ್ವ ಪಡೆದ ಸಾವಿರಾರು ಹೆಂಗಸರೂ ಅದನ್ನು ಕಳೆದುಕೊಂಡರು. ಅವರಲ್ಲಿ ಅನೇಕರು ಕುವೈಟಿ ಪೌರತ್ವಕ್ಕಾಗಿ ತಮ್ಮ ಮೂಲ ದೇಶದ ಪೌರತ್ವವನ್ನು ಮೊದಲೇ ಬಿಟ್ಟುಕೊಟ್ಟಿದ್ದರು. 2024ರ ಡಿಸೆಂಬರಿನ ತಿದ್ದುಪಡಿಯು ಮದುವೆಯ ಮೂಲಕ ಪೌರತ್ವ ಪಡೆಯುವ ದಾರಿಯನ್ನೇ ಮುಚ್ಚಿತು.

ನಮ್ಮವರ ಸ್ಥಿತಿ

ಹಾಗಾದರೆ ನಮ್ಮ ಊರಿನವರು ಅಲ್ಲಿ ಯಾವ ಆಧಾರದ ಮೇಲೆ ಇದ್ದಾರೆ? ಅಕಾಮಾದ ಆಧಾರದ ಮೇಲೆ. ಅಕಾಮಾ ಎಂದರೆ ವಾಸದ ಪರವಾನಗಿ. ಖಾಸಗಿ ಕಂಪೆನಿಗಳಲ್ಲಿ ದುಡಿಯುವವರದ್ದು 18ನೇ ನಂಬರ್, ಮನೆಗೆಲಸದವರದ್ದು 20ನೇ ನಂಬರ್, ಹೆಂಡತಿ ಮಕ್ಕಳದ್ದು 22ನೇ ನಂಬರ್ ಎಂದು ನಮ್ಮವರು ಹೇಳುವುದನ್ನು ನೀವು ಕೇಳಿರಬಹುದು. ಕೆಲಸದವರ ಅಕಾಮಾ ಕೆಲಸ ಕೊಟ್ಟವರ ಹೆಸರಿಗೆ ಕಟ್ಟುಬಿದ್ದಿರುತ್ತದೆ. ಹೆಂಡತಿ ಮಕ್ಕಳ ಅಕಾಮಾ ಕುಟುಂಬದ ಯಜಮಾನನ ಅಕಾಮಾವನ್ನು ಅವಲಂಬಿಸಿರುತ್ತದೆ. ಕೆಲಸ ಹೋದರೆ, ಬೇರೆ ಕೆಲಸ ಸಿಗದಿದ್ದರೆ, ಇಡೀ ಕುಟುಂಬ ಹೊರಡಬೇಕಾಗುತ್ತದೆ.

ಸರಕಾರಿ ಪಿಂಚಣಿ ಇರುವುದು ಪ್ರಜೆಗಳಿಗೆ. ಖಾಸಗಿ ಕಂಪೆನಿಯಲ್ಲಿ ತಿಂಗಳ ಸಂಬಳಕ್ಕೆ ದುಡಿಯುವ ವಿದೇಶೀಯರಿಗೆ 2010ರ ಕಾರ್ಮಿಕ ಕಾನೂನಿನಂತೆ ಕೆಲಸದ ಕೊನೆಯಲ್ಲಿ ಇಡುಗಂಟು ಸಿಗುತ್ತದೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 15 ದಿನದ ಸಂಬಳ, ಅನಂತರ ವರ್ಷಕ್ಕೆ ಒಂದು ತಿಂಗಳ ಸಂಬಳ ಲೆಕ್ಕ. ಒಟ್ಟು ಮೊತ್ತ ಒಂದೂವರೆ ವರ್ಷದ ಸಂಬಳವನ್ನು ಮೀರುವಂತಿಲ್ಲ. ಮೂವತ್ತು ವರ್ಷ ದುಡಿದವರೂ ಮುಪ್ಪಿನಲ್ಲಿ ಊರಿಗೇ ಮರಳಬೇಕು ಎಂಬುದನ್ನು ಮೊದಲ ದಿನದಿಂದಲೇ ಲೆಕ್ಕದಲ್ಲಿ ಇಟ್ಟುಕೊಳ್ಳುವುದು ಒಳಿತು.

ಮಗುವಿನ ನೋಂದಣಿ: ಒಂದು ವರ್ಷದ ಗಡುವು

ಈ ಲೇಖನದ ಮುಖ್ಯ ಅಂಶ ಇದು. ಭಾರತೀಯ ತಂದೆತಾಯಿಯರಿಗೆ ಕುವೈಟಿನಲ್ಲಿ ಹುಟ್ಟಿದ ಮಗು ಕುವೈಟಿನ ಪ್ರಜೆಯಲ್ಲ. ಹಾಗಾದರೆ ತಾನಾಗಿಯೇ ಭಾರತದ ಪ್ರಜೆಯೇ? ಅದೂ ಅಲ್ಲ. ನಮ್ಮ ದೇಶದ 1955ರ ಪೌರತ್ವ ಕಾಯಿದೆಯ ಪ್ರಕಾರ, 2004ರ ಡಿಸೆಂಬರ್ 3ರಂದು ಅಥವಾ ಅನಂತರ ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ.

'ಆಸ್ಪತ್ರೆಯ ಜನನ ಪತ್ರ ಇದೆ, ಜ್ಞಾನಸ್ನಾನದ ಸರ್ಟಿಫಿಕೇಟ್ ಇದೆ, ಅಷ್ಟು ಸಾಕು' ಎಂದು ಕುಳಿತುಕೊಳ್ಳುವಂತಿಲ್ಲ. ಜ್ಞಾನಸ್ನಾನದಿಂದ ಮಗು ಧರ್ಮಸಭೆಯ ಸದಸ್ಯತ್ವ ಪಡೆಯುತ್ತದೆ, ದೇಶದ ಪೌರತ್ವವನ್ನಲ್ಲ. ಅಕಾಮಾ ಮುಗಿದ ಅಥವಾ ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿ ಸಿಕ್ಕಿಕೊಂಡ ತಂದೆತಾಯಿ ಭಯದಿಂದ ಕಚೇರಿಯ ಕಡೆಗೆ ಹೋಗದೆ ಉಳಿದರೆ, ಏನೂ ಅರಿಯದ ಮಗು ಎರಡೂ ದೇಶಗಳ ದಾಖಲೆಯಿಂದ ಹೊರಗೆ ಉಳಿಯುತ್ತದೆ. ಅಂಥವರಿಗೆ ಧೈರ್ಯ ಹೇಳಿ ರಾಯಭಾರ ಕಚೇರಿಗೆ ಕರೆದೊಯ್ಯುವುದು ದೊಡ್ಡ ಪುಣ್ಯದ ಕೆಲಸ.

ವಲಸಿಗರ ಧರ್ಮಸಭೆ

ಕುವೈಟಿನ ಕಥೋಲಿಕ ಧರ್ಮಸಭೆಯೂ ಬಹುತೇಕ ವಲಸಿಗರದ್ದೇ. 1954ರಲ್ಲಿ ಕುವೈಟ್ ಪ್ರತ್ಯೇಕ ಅಪೊಸ್ತಲಿಕ್ ವಿಕಾರಿಯೇಟ್ ಆಯಿತು. 2011ರಲ್ಲಿ ಬಹ್ರೈನ್, ಕತಾರ್ ಮತ್ತು ಸೌದಿ ಅರೇಬಿಯಾ ಸೇರಿ ಉತ್ತರ ಅರೇಬಿಯಾ ವಿಕಾರಿಯೇಟ್ ಎಂದು ಹೆಸರಾಯಿತು. ಕುವೈಟ್ ನಗರದ ಪವಿತ್ರ ಕುಟುಂಬದ ಪ್ರಧಾನಾಲಯ 1961ರಲ್ಲಿ ತಲೆಯೆತ್ತಿತು. ಅದಕ್ಕೆ ಜಾಗ ಕೊಟ್ಟವರು ಅಲ್ಲಿಯ ದೊರೆ. ಅಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ಭಾನುವಾರದ ಪೂಜೆಗೆ ಬರಬೇಕಾದ ಜನ ಶುಕ್ರವಾರವೇ ತುಂಬಿ ಬರುತ್ತಾರೆ. ಇಂಗ್ಲಿಷ್, ಅರೇಬಿಕ್, ಮಲಯಾಳಂ, ಕೊಂಕಣಿ ಹೀಗೆ ಹಲವು ಭಾಷೆಗಳಲ್ಲಿ ಪೂಜೆ ನಡೆಯುತ್ತದೆ.

ಹೆರೋದನಿಗೆ ಹೆದರಿ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಹೋದ ಸಂತ ಜೋಸೆಫರೂ ಮರಿಯಮ್ಮನವರೂ ಪರದೇಶದಲ್ಲಿ ಹೊರಗಿನವರೇ ಆಗಿದ್ದರು. ಆ ಪ್ರಧಾನಾಲಯಕ್ಕೆ ಪವಿತ್ರ ಕುಟುಂಬದ ಹೆಸರು ಎಷ್ಟು ಒಪ್ಪುತ್ತದೆ ನೋಡಿ.

ಧರ್ಮಕೇಂದ್ರಗಳು ಏನು ಮಾಡಬಹುದು?

- ಕುಟುಂಬ ಭೇಟಿಯ ಸಮಯದಲ್ಲಿ ಗುರ್ಕಾರರು ವಿದೇಶದಲ್ಲಿ ಹುಟ್ಟಿದ ಮಕ್ಕಳ ಬಗ್ಗೆ ವಿಚಾರಿಸಿ, ರಾಯಭಾರ ಕಚೇರಿಯಲ್ಲಿ ನೋಂದಣಿ ಆಗಿದೆಯೇ ಎಂದು ಕೇಳಲಿ. ಗಡುವಿನ ವಿಷಯ ಅಜ್ಜ ಅಜ್ಜಿಯರಿಗೆ ತಿಳಿದಿದ್ದರೂ ಸಾಕು, ಅವರು ಫೋನಿನಲ್ಲಿ ನೆನಪಿಸುತ್ತಾರೆ.

- ಕುವೈಟಿನಲ್ಲಿ ಜ್ಞಾನಸ್ನಾನ ಆದವರ ದಾಖಲೆ ಅಲ್ಲಿಯ ಚರ್ಚಿನ ಪುಸ್ತಕದಲ್ಲಿಯೇ ಇರುತ್ತದೆ. ಮದುವೆಯ ಸಮಯದಲ್ಲಿ ಅಲ್ಲಿಂದ ಹೊಸದಾಗಿ ಸರ್ಟಿಫಿಕೇಟ್ ತರಿಸಬೇಕು. ಮದುವೆಯ ನಂತರ ಆ ವಿವರವನ್ನು ಅಲ್ಲಿಗೆ ತಿಳಿಸುವುದು ಇಲ್ಲಿಯ ಧರ್ಮಕೇಂದ್ರದ ಕರ್ತವ್ಯ.

- ಹೊಸದಾಗಿ ಹೊರಡುವ ಯುವಕ ಯುವತಿಯರಿಗೆ ವೀಸಾದ ನಂಬರ್ ಯಾವುದು, ಕೆಲಸದ ಕರಾರು ಪತ್ರ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಲು ಹೇಳಬೇಕು. ಪಾಸ್‌ಪೋರ್ಟಿನ ಪ್ರತಿಯೊಂದು ಮನೆಯಲ್ಲಿರಲಿ.

- ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ನಮೂನೆ 6ಎ ತುಂಬಿ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಖುದ್ದಾಗಿ ಬರಬೇಕು.

- ಮರಳಿ ಬಂದವರನ್ನು 'ಗಲ್ಫಿನವರು' ಎಂದು ದೂರ ಇಡದೆ, ವಾಳೆಯ ಕೂಟಗಳಿಗೆ ಕರೆಯೋಣ. ಅಲ್ಲಿ ಹುಟ್ಟಿ ಬೆಳೆದು ಇಲ್ಲಿ ಕಾಲೇಜಿಗೆ ಬರುವ ಮಕ್ಕಳಿಗೆ ಊರು ಹೊಸದು ಎಂಬುದನ್ನು ಮರೆಯದಿರೋಣ.

ಕುವೈಟ್ ನಮ್ಮ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ, ಮಕ್ಕಳ ಶಾಲೆಯ ಫೀಸು ಕಟ್ಟಿದೆ, ಎಷ್ಟೋ ಚರ್ಚುಗಳ ಕಟ್ಟಡಕ್ಕೆ ನೆರವಾಗಿದೆ. ಆ ಋಣವನ್ನು ಮರೆಯುವಂತಿಲ್ಲ. ಆದರೆ ಅದು ದುಡಿಯಲು ಹೋದ ಊರು, ಕಾನೂನಿನ ಪ್ರಕಾರ ನೆಲೆ ನಿಲ್ಲುವ ಊರಲ್ಲ. ದೂರದಲ್ಲಿರುವ ನಮ್ಮವರಿಗಾಗಿ ಪ್ರಾರ್ಥಿಸುವುದರ ಜೊತೆಗೆ, ಅವರ ಕಾಗದಪತ್ರಗಳು ಸರಿಯಾಗಿವೆಯೇ ಎಂದು ವಿಚಾರಿಸುವುದೂ ಪರಪ್ರೀತಿಯ ಒಂದು ಭಾಗವೇ.