ಮ್ಯಾಥ್ಯೂ ಲಯನ್ನನ ಚರಿತ್ರೆಯೂ ‘ರಾಜದ್ರೋಹ’ ಶಬ್ದದ ವಿಚಾರವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1798ನೆಯ ಇಸವಿ ಜುಲೈ 14ರಂದು ಜಾರಿಗೆ ಬಂದ ‘ಸೆಡಿಷನ್ ಆಕ್ಟ್’ ಎಂಬುದನ್ನು ‘ರಾಜದ್ರೋಹ ಶಾಸನ’ವೆಂದು ಕನ್ನಡಿಸಬಹುದೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ರಾಜನೇ ಇಲ್ಲದ ರಾಜ್ಯದಲ್ಲಿ ರಾಜದ್ರೋಹವೆಂಬುದು ಯಾವುದು? ಇದು ಕೇವಲ ಶಬ್ದವಿಚಾರವಲ್ಲ. ಆ ಶಾಸನದಿಂದ ಮೊತ್ತಮೊದಲು ದಂಡಿತನಾದ ಪ್ರಜಾಪ್ರತಿನಿಧಿ ಮ್ಯಾಥ್ಯೂ ಲಯನ್ನನ ವೃತ್ತಾಂತದ ತಿರುಳೂ ಈ ಪ್ರಶ್ನೆಯಲ್ಲಿಯೇ ಇದೆ.

ಲಯನ್ನನು ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಐರ್ಲೆಂಡಿನ ವಿಕ್ಲೋ ಪ್ರಾಂತದಲ್ಲಿ ಜನಿಸಿದನು. ಹಡಗಿನ ವೆಚ್ಚವನ್ನು ತೆರಲಾರದೆ, ಕೆಲವು ವರ್ಷಗಳ ತನ್ನ ದುಡಿಮೆಯನ್ನೇ ಒತ್ತೆಯಿಟ್ಟು, ಎಳೆಯ ವಯಸ್ಸಿನಲ್ಲಿಯೇ ಅಮೆರಿಕವನ್ನು ಸೇರಿದನು. ಹೀಗೆ ಋಣದಾಸನಾಗಿ ಬಂದವನು ಸ್ವಾತಂತ್ರ್ಯಸಮರದಲ್ಲಿ ಸೈನಿಕನಾಗಿ ದುಡಿದು, 1783ರಲ್ಲಿ ವರ್ಮಾಂಟಿನ ಫೇರ್ ಹೇವನ್ ಎಂಬಲ್ಲಿ ನೆಲೆಸಿ, ಮರ ಕೊಯ್ಯುವ ಯಂತ್ರ, ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳನ್ನು ಸ್ಥಾಪಿಸಿದನು. 1797ರಲ್ಲಿ ಕಾಂಗ್ರೆಸಿನ ಪ್ರತಿನಿಧಿಸಭೆಯನ್ನು ಪ್ರವೇಶಿಸಿ, ಅಧ್ಯಕ್ಷ ಜಾನ್ ಆಡಮ್ಸನ ಫೆಡರಲಿಸ್ಟ್ ಪಕ್ಷಕ್ಕೆ ವಿರೋಧಿಯಾಗಿ ನಿಂತನು.

ಈತನು ಸೌಮ್ಯಪ್ರಕೃತಿಯವನಾಗಿರಲಿಲ್ಲ. 1798ನೆಯ ಜನವರಿ 30ರಂದು, ತನ್ನನ್ನು ಹೀಯಾಳಿಸಿದ ರೋಜರ್ ಗ್ರಿಸ್‌ವೋಲ್ಡ್ ಎಂಬ ಸದಸ್ಯನ ಮುಖಕ್ಕೆ ಉಗುಳಿದನು. ಫೆಬ್ರವರಿ 15ರಂದು ಗ್ರಿಸ್‌ವೋಲ್ಡನು ಸಭಾಮಂದಿರದಲ್ಲಿಯೇ ಆತನನ್ನು ಬೆತ್ತದಿಂದ ಹೊಡೆಯಲು, ಲಯನ್ನನು ಅಗ್ಗಿಷ್ಟಿಕೆಯ ಇಕ್ಕುಳವನ್ನು ಹಿಡಿದು ಎದುರಿಸಿದನು. ಆದರೆ ಆತನು ಸೆರೆಗೆ ಹೋದುದು ಈ ಅವಿನಯಕ್ಕಾಗಿ ಅಲ್ಲ, ಬರೆವಣಿಗೆಗಾಗಿ.

ಸರ್ಕಾರವನ್ನಾಗಲಿ, ಕಾಂಗ್ರೆಸನ್ನಾಗಲಿ, ಅಧ್ಯಕ್ಷನನ್ನಾಗಲಿ ದುರುದ್ದೇಶದಿಂದ ನಿಂದಿಸಿ ಸುಳ್ಳು ಬರೆದವರಿಗೆ 2000 ಡಾಲರುಗಳವರೆಗೆ ದಂಡವನ್ನೂ ಎರಡು ವರ್ಷಗಳವರೆಗೆ ಸೆರೆಯನ್ನೂ ಆ ಶಾಸನವು ವಿಧಿಸಿತ್ತು. ವಿರೋಧಪಕ್ಷದ ಮುಖಂಡನಾದ ಉಪಾಧ್ಯಕ್ಷ ಥಾಮಸ್ ಜೆಫರ್ಸನ್ನನ ಹೆಸರಿಗೆ ಮಾತ್ರ ಅದರಲ್ಲಿ ರಕ್ಷಣೆಯಿರಲಿಲ್ಲ. ಅಧ್ಯಕ್ಷನಲ್ಲಿ ಆಡಂಬರದ ಆಸೆಯೂ ಹೊಗಳಿಕೆಯ ಹಂಬಲವೂ ಹೆಚ್ಚಿತೆಂಬ ಭಾವದ ಪತ್ರವೊಂದನ್ನು ಲಯನ್ನನು ಪತ್ರಿಕೆಯಲ್ಲಿ ಪ್ರಕಟಿಸಿದ್ದನು. ಪತ್ರವನ್ನು ಬರೆದುದು ಶಾಸನಕ್ಕಿಂತ ಮುಂಚೆ, ಅಚ್ಚಾದುದು ಅನಂತರ. ಅಕ್ಟೋಬರಿನಲ್ಲಿ ನ್ಯಾಯಾಧೀಶ ವಿಲಿಯಂ ಪ್ಯಾಟರ್ಸನ್ನನು ಆತನಿಗೆ ನಾಲ್ಕು ತಿಂಗಳ ಸೆರೆಯನ್ನೂ 1000 ಡಾಲರು ದಂಡವನ್ನೂ ವಿಧಿಸಿದನು.

ಹೇಳಿದುದು ಸತ್ಯವೆಂದು ತೋರಿಸಿದವನಿಗೆ ಬಿಡುಗಡೆಯುಂಟೆಂದು ಶಾಸನವು ಹೇಳಿತ್ತು. ಮನುಸ್ಮೃತಿಯ ವ್ಯಾಖ್ಯಾತೃವಾದ ಕುಲ್ಲೂಕಭಟ್ಟನು ಇರುವ ದೋಷವನ್ನು ಹೇಳುವುದು ಪರೀವಾದವೆಂದೂ ಇಲ್ಲದ ದೋಷವನ್ನು ಹೇಳುವುದು ನಿಂದೆಯೆಂದೂ ವಿಭಾಗಿಸಿದ್ದಾನೆ. ಶಾಸನವೂ ಇದೇ ವಿಭಾಗವನ್ನು ಆಶ್ರಯಿಸಿದಂತೆ ಕಾಣುತ್ತದೆ. ಆದರೆ ಒಬ್ಬನಲ್ಲಿ ಆಡಂಬರದ ಆಸೆ ಅತಿಯಾಯಿತೆಂಬುದು ಸಾಕ್ಷಿಗಳಿಂದ ಸಾಧಿಸತಕ್ಕ ವಸ್ತುವಲ್ಲ, ಅಭಿಪ್ರಾಯ. ಅಭಿಪ್ರಾಯಕ್ಕೆ ಪ್ರಮಾಣವನ್ನು ಕೇಳಿದಲ್ಲಿ ಪರೀವಾದವೆಲ್ಲವೂ ನಿಂದೆಯಾಗಿಯೇ ಪರಿಣಮಿಸುತ್ತದೆ. ಶಾಸನದ ಮುಖ್ಯದೋಷವಿದು.

ಪ್ರಜೆಗಳ ತೀರ್ಪು ಬೇರೆಯಾಯಿತು. 1798ರ ಡಿಸೆಂಬರಿನಲ್ಲಿ, ಲಯನ್ನನು ವರ್ಜೆನ್ಸ್ ಊರಿನ ಸೆರೆಮನೆಯಲ್ಲಿರುವಾಗಲೇ, ಅವರು ಆತನನ್ನು ಪುನಃ ಚುನಾಯಿಸಿದರು. ಸಭೆಯಿಂದ ಆತನನ್ನು ಹೊರಹಾಕುವ ಸೂಚನೆಗೆ 49 ಮತಗಳೂ ವಿರುದ್ಧವಾಗಿ 45 ಮತಗಳೂ ಬಂದು, ಮೂರರಲ್ಲೆರಡು ಪಾಲು ದೊರೆಯದೆ ಅದು ಬಿದ್ದುಹೋಯಿತು. 1801ನೆಯ ಫೆಬ್ರವರಿ 17ರಂದು, ಅಧ್ಯಕ್ಷನನ್ನು ಆರಿಸುವ 36ನೆಯ ಮತದಾನದಲ್ಲಿ, ವರ್ಮಾಂಟಿನ ಇನ್ನೊಬ್ಬ ಪ್ರತಿನಿಧಿಯು ಹಿಂದೆ ಸರಿಯಲು ಲಯನ್ನನ ಮತದಿಂದ ಆ ಸಂಸ್ಥಾನವು ಜೆಫರ್ಸನ್ನನ ಪಾಲಾಯಿತು. ಆತನೊಬ್ಬನೇ ಜೆಫರ್ಸನ್ನನನ್ನು ಅಧ್ಯಕ್ಷನನ್ನಾಗಿ ಮಾಡಿದನೆಂಬುದು ಅತಿಶಯೋಕ್ತಿ. ಮೇರಿಲೆಂಡ್ ಸಂಸ್ಥಾನವೂ ಆಗಲೇ ಒಲಿದಿತ್ತು. ಮಾರ್ಚ್ 3ರಂದು ಶಾಸನದ ಅವಧಿ ಮುಗಿಯಿತು.

ಅನಂತರ ಕೆಂಟಕಿಗೆ ತೆರಳಿದ ಲಯನ್ನನು 1803ರಿಂದ 1811ರವರೆಗೆ ಅಲ್ಲಿಂದ ಪ್ರತಿನಿಧಿಯಾಗಿದ್ದು, 1822ರಲ್ಲಿ ಅರ್ಕನ್ಸಾ ಪ್ರಾಂತದಲ್ಲಿ ಮೃತನಾದನು. 1840ರಲ್ಲಿ ಕಾಂಗ್ರೆಸು ಆತನ ದಂಡದ ಹಣವನ್ನು ಬಡ್ಡಿಸಹಿತ ವಾರಸುದಾರರಿಗೆ ಹಿಂದಿರುಗಿಸಿತು. 1964ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಪತ್ರಿಕಾಸ್ವಾತಂತ್ರ್ಯದ ಮೊಕದ್ದಮೆಯೊಂದರಲ್ಲಿ, 1798ರ ಶಾಸನವನ್ನು ಇತಿಹಾಸವು ಅಸಿಂಧುವೆಂದು ನಿರ್ಣಯಿಸಿರುವುದೆಂಬ ಅಭಿಪ್ರಾಯವನ್ನು ಸೂಚಿಸಿತು.

ಆದ್ದರಿಂದ ಈ ಪ್ರಸಂಗದಲ್ಲಿ ‘ರಾಜದ್ರೋಹ’ವೆಂಬ ಪರಿಭಾಷೆಯು ಸಲ್ಲದು, ‘ಅಧಿಕಾರನಿಂದಾ ಶಾಸನ’ವೆಂಬುದು ಯುಕ್ತವಾದೀತು. ಅಧಿಕಾರದಲ್ಲಿರುವವನೇ ರಾಜ್ಯವಲ್ಲ, ಅವನ ನಡತೆಯನ್ನು ಆಕ್ಷೇಪಿಸಿದ ಮಾತ್ರಕ್ಕೆ ರಾಜ್ಯಕ್ಕೆ ದ್ರೋಹ ಬಗೆದಂತೆ ಆಗಲಾರದು.