ಮಗಳು ಯಾರ ಹಾಗೆ?

ಮುಂಬೈಯಿಂದ ಊರಿಗೆ ಹೊರಟ ಮತ್ಸ್ಯಗಂಧ ರೈಲು ಪನ್ವೇಲ್ ದಾಟುವಷ್ಟರಲ್ಲಿ ಎದುರು ಸೀಟಿನವರ ಪರಿಚಯ ಆಗಿರುತ್ತದೆ. ಯಾವ ಊರು, ಉಡುಪಿಯಲ್ಲಿ ಎಲ್ಲಿ, ಮುಂಬೈಯಲ್ಲಿ ಏನು ಕೆಲಸ ಎಂದೆಲ್ಲ ಆದ ಮೇಲೆ ಅವರು ಮಗುವಿನ ಕಡೆಗೆ ತಿರುಗುತ್ತಾರೆ. "ಇವಳು ಯಾರ ಹಾಗೆ? ನಿಮ್ಮ ಹಾಗೆ ಇಲ್ಲ, ಅಪ್ಪನ ಹಾಗೂ ಕಾಣುವುದಿಲ್ಲ." ಕೆಟ್ಟ ಮನಸ್ಸಿನಿಂದ ಕೇಳುವ ಮಾತಲ್ಲ ಅದು. ಹದಿನಾಲ್ಕು ಹದಿನೈದು ಗಂಟೆಯ ಪ್ರಯಾಣ, ಏನಾದರೂ ಮಾತಾಡಬೇಕಲ್ಲ.

ನಿಮ್ಮ ಮನೆಯಲ್ಲಿ ದತ್ತು ತಂದ ಮಗು ಇದ್ದರೆ ಈ ಪ್ರಶ್ನೆ ನಿಮಗೂ ಬಂದಿರುತ್ತದೆ. ನಾವು ಐದು ವರ್ಷ ಕೊಟ್ಟ ಉತ್ತರ, "ನನ್ನ ಅತ್ತೆಯ ಹಾಗೆ." ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿದೆ, ಯಾರು ಹೋಗಿ ನೋಡುತ್ತಾರೆ? ಕಿಟಕಿ ಪಕ್ಕ ಕುಳಿತ ಮಗಳು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅಜ್ಜಿಯ ಹಜ್ಜಿನ ಪಾಸ್‌ಪೋರ್ಟ್ ತೆಗೆದು, ಅದರ ಫೋಟೋವನ್ನು ಕನ್ನಡಿಯ ಮುಂದೆ ತನ್ನ ಕೆನ್ನೆಗೆ ಒತ್ತಿ ಹಿಡಿದು ನೋಡುತ್ತಿದ್ದಳು ಎಂದು ನಮಗೆ ಗೊತ್ತಾದದ್ದು ಆಮೇಲೆ.

ಅವಳಿಗೆ ಆರು ವರ್ಷ ಇದ್ದಾಗ ಊರಿನ ಒಂದು ಮದುವೆ ಮನೆಯಲ್ಲಿ ಹಿರಿಯರೊಬ್ಬರು ಅವಳ ಎದುರೇ ಇನ್ನೊಬ್ಬರಿಗೆ ಹೇಳಿದರು, "ಇವರದ್ದಲ್ಲ, ಸಾಕಿದ್ದು." ವಾಪಸು ಬರುವಾಗ ಕಾರವಾರ ದಾಟಿ ಕತ್ತಲಾಗಿತ್ತು. ಊಟ ಮಾಡುತ್ತಿದ್ದವಳು ಕೇಳಿದಳು, "ಉಮ್ಮಾ, ಸಾಕಿದ್ದು ಅಂದ್ರೆ ನಾವು ಬೆಕ್ಕು ಸಾಕ್ತೇವಲ್ಲ, ಹಾಗೆಯಾ?"

ಕನ್ನಡದಲ್ಲಿ ಬೆಕ್ಕಿಗೂ ಮಗುವಿಗೂ ಅದೇ ಒಂದು ಶಬ್ದ. ಆ ರಾತ್ರಿ ನನ್ನಲ್ಲಿ ಉತ್ತರ ಇರಲಿಲ್ಲ. ಮಗುವನ್ನು ಕೊಟ್ಟ ಸಂಸ್ಥೆಯ ಸಮಾಜ ಕಾರ್ಯಕರ್ತೆ ಮೊದಲ ದಿನವೇ "ಮಾತು ಬರುವ ಮೊದಲೇ ಹೇಳಲು ಸುರು ಮಾಡಿ" ಎಂದಿದ್ದರು. ನಮ್ಮ ದೀನ್ ಕೂಡ ಅದನ್ನೇ ಹೇಳುತ್ತದೆ. ಎರಡನ್ನೂ ಕೇಳದೆ ಇದ್ದದ್ದು ನಾವು.

ಇಸ್ಲಾಮಿನಲ್ಲಿ ದತ್ತು ಹರಾಮ್ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರು ಬಹಳ. ಅರ್ಧ ಸರಿ, ಅರ್ಧ ತಪ್ಪು. ಝೈದ್ ಬಿನ್ ಹಾರಿಸಾ (ರ) ಅವರ ಕತೆ ನಿಮಗೆ ಮದ್ರಸದಲ್ಲಿ ಕೇಳಿ ಗೊತ್ತಿರಬಹುದು. ಬಾಲ್ಯದಲ್ಲಿ ಅಪಹರಣವಾಗಿ ಗುಲಾಮನಾಗಿ ಮಾರಾಟವಾದ ಅವರು ಖದೀಜಾ (ರ) ಅವರ ಮನೆಗೆ, ಅಲ್ಲಿಂದ ಪ್ರವಾದಿಯವರ (ಸ) ಕೈಗೆ ಬಂದರು. ಮುಂದೆ ತಂದೆ ಹುಡುಕಿಕೊಂಡು ಮಕ್ಕಾಕ್ಕೆ ಬಂದಾಗ, ಹೋಗುವುದೋ ಇರುವುದೋ ನೀನೇ ಹೇಳು ಎಂದು ಪ್ರವಾದಿಯವರು ಆಯ್ಕೆ ಕೊಟ್ಟರು. ಝೈದ್ ಉಳಿದರು. ಜನ ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯತೊಡಗಿದರು. ಆಮೇಲೆ ಸೂರಃ ಅಲ್ ಅಹ್‌ಝಾಬ್‌ನ 4 ಮತ್ತು 5ನೆಯ ಆಯತ್‌ಗಳು ಇಳಿದವು. ಅವುಗಳ ಸಾರ ಇಷ್ಟು: ಸಾಕಿದ ಮಕ್ಕಳನ್ನು ಅವರ ತಂದೆಯ ಹೆಸರಿನಿಂದಲೇ ಕರೆಯಿರಿ, ತಂದೆ ಯಾರೆಂದು ಗೊತ್ತಿಲ್ಲದಿದ್ದರೆ ಅವರು ನಿಮ್ಮ ಧರ್ಮದ ಸಹೋದರರು, ನಿಮ್ಮ ಆಪ್ತರು. ಝೈದ್ ಮತ್ತೆ ಹಾರಿಸಾರ ಮಗನಾದರು. ಅದರಿಂದ ಪ್ರೀತಿ ಕಡಿಮೆಯಾಯಿತೇ? ಸೈನ್ಯದ ನಾಯಕತ್ವ ಕೊಟ್ಟು ಕಳುಹಿಸಿದ್ದು ಅವರನ್ನೇ. ಸಹಾಬಿಗಳ ಪೈಕಿ ಕುರ್‌ಆನಿನಲ್ಲಿ ಹೆಸರು ಬಂದಿರುವುದು ಅವರೊಬ್ಬರದ್ದೇ.

ಹಾಗಾಗಿ ತಡೆದಿರುವುದು ಮಗುವನ್ನು ಮನೆಗೆ ತರುವುದನ್ನಲ್ಲ, ಮಗುವಿನ ನಸಬ್ ಅಳಿಸುವುದನ್ನು. ಸಾಕುವುದಕ್ಕೆ ಕಫಾಲ ಎಂದು ಹೆಸರು. ಯತೀಮ್ ಮಗುವಿನ ಹೊಣೆ ಹೊತ್ತವರು ಸ್ವರ್ಗದಲ್ಲಿ ತನ್ನ ಪಕ್ಕ ಇರುತ್ತಾರೆಂದು ಪ್ರವಾದಿಯವರು ಎರಡು ಬೆರಳು ಎತ್ತಿ ತೋರಿಸಿದ ಹದೀಸ್ ಎಲ್ಲರಿಗೂ ಗೊತ್ತು. ನಾವು ರೈಲಿನಲ್ಲಿ "ಅತ್ತೆಯ ಹಾಗೆ" ಎಂದು ಹೇಳುತ್ತಿದ್ದುದು ನಸಬ್ ಅಳಿಸುವ ಕೆಲಸವೇ. ಸಣ್ಣ ಸುಳ್ಳು ಅಂತ ನಮಗೆ ಅನಿಸಿತ್ತು, ಅಷ್ಟೇ.

ಮನೆಯೊಳಗಿನ ದೊಡ್ಡ ಪ್ರಶ್ನೆ ಮಹ್ರಮ್‌ನದ್ದು. ಹೆಣ್ಣುಮಗು ಬೆಳೆದ ಮೇಲೆ ಸಾಕಿದ ತಂದೆಗೆ, ಗಂಡುಮಗು ಬೆಳೆದ ಮೇಲೆ ಸಾಕಿದ ತಾಯಿಗೆ ಏನಾಗಬೇಕು? ಇದಕ್ಕೆ ಶರೀಅತ್‌ನಲ್ಲಿ ಒಂದು ಸುಂದರವಾದ ದಾರಿ ಇದೆ, ಎದೆಹಾಲಿನ ಸಂಬಂಧ. ರಕ್ತದಿಂದ ಯಾರೊಡನೆ ಮದುವೆ ನಿಷಿದ್ಧವೋ ಹಾಲಿನಿಂದಲೂ ಅವರೊಡನೆ ನಿಷಿದ್ಧ. ಮಗುವಿಗೆ ಎರಡು ವರ್ಷ ತುಂಬುವ ಮೊದಲು ಆಗಬೇಕು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವ ಶಾಫಿ ಮದ್ಹಬ್‌ನಲ್ಲಿ ಐದು ಸಲ ಕುಡಿಸಬೇಕು. ಉತ್ತರ ಕರ್ನಾಟಕದ ಹೆಚ್ಚಿನವರು ಅನುಸರಿಸುವ ಹನಫಿ ಮದ್ಹಬ್‌ನಲ್ಲಿ ಒಂದು ಸಲವೂ ಸಾಕು.

ಯಾರ ಹಾಲು ಎಂಬುದರಲ್ಲಿ ಲೆಕ್ಕ ತಪ್ಪಬಾರದು. ಗಂಡುಮಗುವಾದರೆ ನಿಮ್ಮ ಅಕ್ಕ ಅಥವಾ ತಂಗಿ ಕುಡಿಸಬೇಕು, ಆಗ ನೀವು ಅವನ ಹಾಲಿನ ಚಿಕ್ಕಮ್ಮನೋ ದೊಡ್ಡಮ್ಮನೋ ಆಗುತ್ತೀರಿ. ಹೆಣ್ಣುಮಗುವಾದರೆ ಗಂಡನ ಅಕ್ಕ ಅಥವಾ ತಂಗಿ, ಆಗ ನಿಮ್ಮ ಗಂಡ ಅವಳ ಸೋದರಮಾವ. ನಮ್ಮ ಮಗಳು ಎಂಟು ತಿಂಗಳಲ್ಲಿ ಬಂದಾಗ ಮುಂಬ್ರಾದಲ್ಲಿದ್ದ ನನ್ನ ನಾದಿನಿಗೆ ನಾಲ್ಕು ತಿಂಗಳ ಗಂಡುಮಗು ಇತ್ತು. ಬಾಟಲಿಗೆ ಒಗ್ಗಿಹೋಗಿದ್ದ ನಮ್ಮವಳು ಅವಳ ಮೊಲೆಗೆ ಬಾಯಿ ಹಾಕಲೇ ಇಲ್ಲ, ಮುಖ ತಿರುಗಿಸಿ ಅತ್ತದ್ದೇ ಅತ್ತದ್ದು. ಉಸ್ತಾದರನ್ನು ಕೇಳಿದೆವು. ಹಿಂಡಿ ಕುಡಿಸಿದರೂ ಆಗುತ್ತದೆ, ಆದರೆ ಒಂದೇ ಸಲ ಹಿಂಡಿ ಐದು ಪಾಲು ಮಾಡಿದರೆ ಅದು ಒಂದೇ ಲೆಕ್ಕ, ಐದು ಬೇರೆ ಬೇರೆ ಸಲ ಹಿಂಡಿ ಐದು ಸಲ ಕುಡಿಸಿ ಎಂದರು. ಹಾಗೆಯೇ ಮಾಡಿದೆವು. ದಿನಾಂಕ ಹಾಕಿ ಡೈರಿಯಲ್ಲಿ ಬರೆದು, ನಾದಿನಿಯ ಸಹಿ ಹಾಕಿಸಿ ಇಟ್ಟಿದ್ದೇವೆ. ನೀವೂ ಬರೆದಿಡಿ. ಯಾಕೆಂದರೆ ನಾದಿನಿಯ ಆ ಮಗ ಈಗ ಅವಳ ಹಾಲಿನ ಅಣ್ಣ ತಮ್ಮಂದಿರಲ್ಲಿ ಒಬ್ಬ. ಇಪ್ಪತ್ತು ವರ್ಷ ಕಳೆದು ಯಾರೋ ತಿಳಿಯದೆ ಸಂಬಂಧದ ಮಾತು ಎತ್ತಬಾರದಲ್ಲ.

ಎರಡು ವರ್ಷ ದಾಟಿದ ಮೇಲೆ ಬಂದ ಮಗುವಾದರೆ ಈ ದಾರಿ ಇಲ್ಲ. ಪ್ರಾಯಕ್ಕೆ ಬಂದಾಗ ಉಡುಗೆ, ಪ್ರತ್ಯೇಕ ಕೋಣೆ, ಇಷ್ಟರ ಎಚ್ಚರ ಬೇಕು. ಆದರೆ ನಿನ್ನೆಯವರೆಗೆ ಎತ್ತಿ ಆಡಿಸಿದ ತಂದೆ ಇವತ್ತು ಮುಖ ಕೊಟ್ಟು ಮಾತಾಡದಿದ್ದರೆ ಮಗುವಿಗೆ ಅರ್ಥವಾಗುವುದು ಶರೀಅತ್ ಅಲ್ಲ, ತಾನು ಬೇಡವಾದೆ ಎಂದು. ಮೊದಲೇ ಹೇಳಿ ಬೆಳೆಸಿ.

ಇನ್ನು ಕಾನೂನು. ಪ್ರಯಾಣದಲ್ಲಿ ಕೆಲಸಕ್ಕೆ ಬರುವುದು ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದೆ ಮುಸ್ಲಿಮರಿಗೆ ಇದ್ದದ್ದು 1890ರ ಪೋಷಕ ಮತ್ತು ಪಾಲ್ಯರ ಕಾಯ್ದೆ ಮಾತ್ರ. ಅದರಲ್ಲಿ ನೀವು ಮಗುವಿನ ತಂದೆತಾಯಿ ಅಲ್ಲ, ಗಾರ್ಡಿಯನ್. ನಸಬ್ ಮುಟ್ಟುವುದಿಲ್ಲ, ಹಾಗಾಗಿ ಹಲವರಿಗೆ ಮನಸ್ಸಿಗೆ ಸಮಾಧಾನ. ಆದರೆ ಹದಿನೆಂಟಾದ ಕೂಡಲೇ ಕಾನೂನಿನ ನಂಟು ಮುಗಿಯುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಕಾಯ್ದೆಯ 26ನೆಯ ಕಲಮಿನ ಪ್ರಕಾರ ಕೋರ್ಟು ನೇಮಿಸಿದ ಗಾರ್ಡಿಯನ್ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಒಯ್ಯಲು ಅನುಮತಿ ಬೇಕು. ಠಾಣೆಯ ಕೋರ್ಟಿನ ಆದೇಶ ಇಟ್ಟುಕೊಂಡು ಊರಿಗೆ ಹೋಗುವುದೂ ಇದರೊಳಗೆ ಬರುತ್ತದೆ. ಪ್ರತಿ ಸಲ ಓಡಾಡುವ ಬದಲು, ಮೂಲ ಅರ್ಜಿಯಲ್ಲೇ ಸಾಮಾನ್ಯ ಅನುಮತಿ ಕೇಳಲು ವಕೀಲರಿಗೆ ಹೇಳಿ. ಹಾಗೆ ಕೊಡುವ ಅವಕಾಶ ಕಾಯ್ದೆಯಲ್ಲೇ ಇದೆ.

ಎರಡನೆಯದು ಬಾಲನ್ಯಾಯ ಕಾಯ್ದೆ. ಇದರಲ್ಲಿ ದತ್ತುವಿಗೆ ಧರ್ಮದ ಅಡ್ಡಿ ಇಲ್ಲ. ಶಬ್ನಮ್ ಹಾಶ್ಮಿ 2005ರಲ್ಲಿ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2014ರ ಫೆಬ್ರವರಿ 19ರಂದು ಇದನ್ನು ಸ್ಪಷ್ಟ ಮಾಡಿತು. ಕಾಯ್ದೆ ಒಂದು ದಾರಿ ತೆರೆದಿದೆ, ಬೇಕಾದವರು ಹೋಗಬಹುದು, ವೈಯಕ್ತಿಕ ಕಾನೂನಿನಂತೆಯೇ ಇರುತ್ತೇನೆ ಎನ್ನುವವರಿಗೆ ಬಲವಂತ ಇಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಈಗ ಇರುವುದು 2015ರ ಕಾಯ್ದೆ. ಕಾರಾದ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿ ಕಾಯಬೇಕು, ಮನೆಗೆ ಬಂದು ವಿಚಾರಿಸುತ್ತಾರೆ. ನಮ್ಮ ಕಾಲದಲ್ಲಿ ಕೋರ್ಟು ಆದೇಶ ಕೊಡುತ್ತಿತ್ತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಆಮೇಲೆ ಜನನ ಪ್ರಮಾಣಪತ್ರದಲ್ಲಿ ತಂದೆತಾಯಿ ನೀವೇ.

ಇಲ್ಲಿಯೇ ಮತ್ತೆ ನಸಬ್‌ನ ಪ್ರಶ್ನೆ ಬರುತ್ತದೆ. ಮಹಾರಾಷ್ಟ್ರದಲ್ಲಿ ಇರುವವರಿಗೆ ಇದು ಎರಡು ಪಟ್ಟು, ಏಕೆಂದರೆ ಇಲ್ಲಿ ಹೆಸರಿನ ನಡುವೆ ತಂದೆಯ ಹೆಸರು ಸೇರಿಸುವುದು ರೂಢಿ. ಉಲಮಾಗಳಲ್ಲಿ ಒಂದೇ ಅಭಿಪ್ರಾಯ ಇಲ್ಲ. ಸರ್ಕಾರಿ ಕಾಗದವೂ ಕೂಡದು ಎನ್ನುವವರಿದ್ದಾರೆ. ನಾವು ಕೇಳಿದ ಉಸ್ತಾದರು, ಕಾಗದದ ಕಾಲಂ ಹೊಣೆ ಯಾರದ್ದೆಂದು ಹೇಳುತ್ತದೆ, ಮಗುವಿನಿಂದಲೂ ಜನರಿಂದಲೂ ಸತ್ಯ ಮುಚ್ಚಿಡುವುದು ಬೇರೆ ಎಂದರು. ಮಗಳ ಹೆಸರಿನ ನಡುವೆ ಗಂಡನ ಹೆಸರು ಹಾಕದೆ ಇನ್ನೊಂದು ಹೆಣ್ಣುಹೆಸರು ಇಟ್ಟೆವು. ಅಡ್ಮಿಷನ್ ಫಾರ್ಮ್ ತುಂಬುವಾಗೆಲ್ಲ "ಮಿಡ್ಲ್ ನೇಮ್ ತಪ್ಪಾಗಿದೆ" ಎಂದು ವಾಪಸು ಕೊಡುತ್ತಾರೆ, ನಾವು ಜನನ ಪ್ರಮಾಣಪತ್ರ ತೋರಿಸುತ್ತೇವೆ. ಅಭ್ಯಾಸ ಆಗಿಹೋಗಿದೆ. ನಿಖಾಹ್‌ನ ದಿನ ಅವಳ ವಲಿ ಖಾಝಿಯೇ, ನನ್ನ ಗಂಡ ಅಲ್ಲ. ಇದನ್ನು ಗಂಡಿನ ಕಡೆಯವರಿಗೆ ಮಾತುಕತೆಯ ಮೊದಲ ದಿನವೇ ಹೇಳುವುದೆಂದು ಈಗಲೇ ತೀರ್ಮಾನಿಸಿದ್ದೇವೆ.

ಛಾಪಾ ಕಾಗದದಲ್ಲಿ ಬರೆಸಿ, ನೋಟರಿ ಮಾಡಿಸಿ ಮಗು ತರುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಅನಾಥ ಮಗುವನ್ನು ಕ್ರಮ ಬಿಟ್ಟು ದತ್ತು ಪಡೆದರೆ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ದಂಡ, ಅಥವಾ ಎರಡೂ. ಎಲ್ಲಾದರೂ ಬಿಟ್ಟುಹೋದ ಶಿಶು ಸಿಕ್ಕಿದರೆ 1098ಕ್ಕೆ ಫೋನ್ ಮಾಡಿ, 24 ಗಂಟೆಯೊಳಗೆ ತಿಳಿಸಬೇಕು. ನಮ್ಮಲ್ಲಿ ಹೆಚ್ಚು ನಡೆಯುವುದು ಮಕ್ಕಳಿಲ್ಲದ ತಂಗಿಗೆ ಅಕ್ಕ ತನ್ನ ಮಗುವನ್ನು ಕೊಡುವುದು. ಅದಕ್ಕೂ 2015ರ ಕಾಯ್ದೆಯಲ್ಲಿ ಸಂಬಂಧಿಕರ ದತ್ತು ಎಂಬ ದಾರಿ ಇದೆ. ಆದರೆ ನನ್ನ ಮಟ್ಟಿಗೆ ಅಂಥ ಕಡೆ ಗಾರ್ಡಿಯನ್ ಆದೇಶವೇ ಸಾಕು, ಮಗುವಿಗೆ ತಂದೆ ಕಣ್ಣೆದುರೇ ಇದ್ದಾನಲ್ಲ.

ಆಸ್ತಿಯ ವಿಷಯ ಎರಡು ಮಾತಲ್ಲಿ ಮುಗಿಸುತ್ತೇನೆ. ಶರೀಅತ್ ಪ್ರಕಾರ ಸಾಕಿದ ಮಗು ವಾರಸುದಾರ ಅಲ್ಲ. ಆದರೆ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಬರೆಯಬಹುದು, ಬದುಕಿರುವಾಗ ಹಿಬಾ ಆಗಿ ಕೊಡುವುದಕ್ಕೆ ಆ ಮಿತಿಯೂ ಇಲ್ಲ. ಬಾಲನ್ಯಾಯ ಕಾಯ್ದೆ ದತ್ತು ಮಗುವಿಗೆ ಹುಟ್ಟಿದ ಮಗುವಿನ ಹಕ್ಕೇ ಇದೆ ಎನ್ನುತ್ತದೆ. ಈ ಎರಡರ ನಡುವೆ ನಿಮ್ಮ ಮಗು ನಿಮ್ಮ ಅಣ್ಣತಮ್ಮಂದಿರ ಜೊತೆ ಕೋರ್ಟಿಗೆ ಹೋಗುವ ಹಾಗೆ ಮಾಡಬೇಡಿ. ಆರೋಗ್ಯ ಇರುವಾಗಲೇ ಬರೆದು, ಓದಿ ಹೇಳಿ, ಸಾಕ್ಷಿ ಹಾಕಿಸಿ.

ಪ್ರಯಾಣಕ್ಕೆ ಮೂಲ ಆದೇಶ ಒಯ್ಯಬೇಡಿ. ದೃಢೀಕರಿಸಿದ ಪ್ರತಿ, ಜನನ ಪ್ರಮಾಣಪತ್ರ, ಮಗುವಿನ ಆಧಾರ್, ಇಷ್ಟು ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇರಲಿ. ಆಧಾರ್ ಐದು ಮತ್ತು ಹದಿನೈದು ವರ್ಷಕ್ಕೆ ಹೊಸದಾಗಿ ಬೆರಳಚ್ಚು ಕೊಟ್ಟು ನವೀಕರಿಸಬೇಕು. ಅಂತಿಮ ಆದೇಶ ಬರುವ ಮೊದಲು ಮಗು ದತ್ತುಪೂರ್ವ ಪಾಲನೆಯಲ್ಲಿ ನಿಮ್ಮ ಬಳಿ ಇರುತ್ತದೆ, ಆಗ ಊರಿಗೆ ಹೋಗುವುದಿದ್ದರೆ ಸಂಸ್ಥೆಗೆ ತಿಳಿಸಿ, ಅವರು ಕೊಟ್ಟ ಪತ್ರ ಜೊತೆಗಿರಲಿ. ಉಮ್ರಾಕ್ಕೆ ಹೊರಡುವ ಗಾರ್ಡಿಯನ್‌ಗಳು ಪಾಸ್‌ಪೋರ್ಟ್ ಬಗ್ಗೆ ಹೆದರುವುದುಂಟು. ನಮ್ಮ ದೇಶದ ಪಾಸ್‌ಪೋರ್ಟಿನ ಕೊನೆಯ ಪುಟ ನೋಡಿ, ಅಲ್ಲಿ "ತಂದೆ ಅಥವಾ ಕಾನೂನುಬದ್ಧ ಪೋಷಕ" ಎಂದೇ ಅಚ್ಚಾಗಿದೆ. ನಿಮಗೂ ಅಲ್ಲಿ ಜಾಗ ಉಂಟು.

ಈಗ ಮಗಳಿಗೆ ಹನ್ನೊಂದು. "ಯಾರ ಹಾಗೆ" ಎಂದು ಕೇಳಿದವರಿಗೆ ನಾನು "ನನಗೂ ಗೊತ್ತಿಲ್ಲ ಮಾರಾಯ್ರೆ, ಅವಳನ್ನು ಹೆತ್ತವರನ್ನು ನಾವು ನೋಡಿಲ್ಲ" ಎನ್ನುತ್ತೇನೆ. ಕೆಲವರು ಸುಮ್ಮನಾಗುತ್ತಾರೆ. ಕೆಲವರು ತಮ್ಮ ಮನೆಯದೇ ಒಂದು ಕತೆ ಹೇಳಲು ಸುರು ಮಾಡುತ್ತಾರೆ, ರತ್ನಗಿರಿವರೆಗೆ ಅದೇ ಆಗುತ್ತದೆ. ಅಪರಿಚಿತರಿಗೆಲ್ಲ ಹೇಳಲೇಬೇಕು ಅಂತ ಇಲ್ಲ. ಸುಳ್ಳು ಹೇಳದಿದ್ದರೆ ಸಾಕು. ಒಂದು ಸಲ ಮಗಳು ಕಿವಿಯಲ್ಲಿ "ಇವತ್ತು ಹೇಳುವುದು ಬೇಡ" ಎಂದಳು, ಅವತ್ತು ನಾನು ಚಕ್ಕುಲಿ ಡಬ್ಬ ತೆರೆದು ಮಾತು ಬದಲಿಸಿದೆ.

ಹೆತ್ತವರ ಬಗ್ಗೆ ಮಾಹಿತಿ ಕೇಳಲು ಮಗುವಿಗೆ ಹಕ್ಕಿದೆ. ಹದಿನೆಂಟಾದ ಮೇಲೆ ತಾನೇ ಕೇಳಬಹುದು, ಅದಕ್ಕೂ ಮೊದಲಾದರೆ ನಮ್ಮ ಜೊತೆ ಸೇರಿ. ಅವಳಿಗೆ ಸದ್ಯಕ್ಕೆ ಅಷ್ಟೆಲ್ಲ ಬೇಡವಂತೆ, ತಾನು ಎಂಟು ತಿಂಗಳು ಇದ್ದ ಆ ಊರು ಮಾತ್ರ ನೋಡಬೇಕಂತೆ. ಇದೇ ರಾಜ್ಯದ ಇನ್ನೊಂದು ಜಿಲ್ಲೆ, ಒಂದು ರಾತ್ರಿಯ ದಾರಿ. ಈ ಸಲದ ರಜೆಯಲ್ಲಿ ಉಡುಪಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಬರುವುದೆಂದು ಮಾತಾಗಿದೆ. ಮೂರು ಟಿಕೆಟ್ ಮಾಡಿಸಿದ್ದೇವೆ, ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿವೆ.